ನಾಳೆ ಬಾ

ಸುಗ್ಗಿ ಹಬ್ಬ ಬಂತೆಂದರೆ ನಮ್ಮ ಚರ್ಚಿನ ಸಭೆಯಲ್ಲಿ ಸತ್ಯವೇದದ, ಅಂದರೆ ಬೈಬಲಿನ, ಮಲಾಕಿಯನ ಪುಸ್ತಕದ ಮೂರನೇ ಅಧ್ಯಾಯದ ಹತ್ತನೇ ವಚನ ಗ್ಯಾರಂಟಿ. ಗಳಿಕೆಯ ಹತ್ತರಲ್ಲೊಂದು ಪಾಲಾದ ದಶಮಾಂಶವನ್ನು ಪೂರ್ತಿಯಾಗಿ ತನ್ನಿ, ಪರಲೋಕದ ಬಾಗಿಲು ತೆರೆದು ಆಶೀರ್ವಾದ ಸುರಿಯುತ್ತೇನೋ ಇಲ್ಲವೋ ನೋಡಿ ಅನ್ನುವ ಮಾತು. ಸಂಡೇ ಸ್ಕೂಲ್ ಮಕ್ಕಳಿಗೂ ಬಾಯಿಪಾಠ. ಕಾಣಿಕೆ ಕವರಿನ ಮೇಲೂ ಅಚ್ಚಾಗಿರುತ್ತದೆ.

ಅಲ್ಲಿಂದ ಐದೇ ಐದು ವಚನ ಹಿಂದಕ್ಕೆ ಹೋಗಿ. ನಿಮ್ಮ ವಿರುದ್ಧ ಸಾಕ್ಷಿ ಹೇಳಲು ಬೇಗ ಬರುತ್ತೇನೆ ಅನ್ನುತ್ತಾನೆ ದೇವರು. ಯಾರ ವಿರುದ್ಧ? ಮಾಟಗಾರರು, ವ್ಯಭಿಚಾರಿಗಳು, ಸುಳ್ಳು ಆಣೆ ಇಡುವವರು. ಇಲ್ಲಿಯ ತನಕ ನಾವೆಲ್ಲ ಆರಾಮಾಗಿ ತಲೆಯಾಡಿಸುತ್ತೇವೆ. ಅದೇ ಸಾಲಿನಲ್ಲಿ ಮುಂದೆ ನಿಂತಿರುವವನು ಕೂಲಿಯವನ ಕೂಲಿಯಲ್ಲಿ ಅನ್ಯಾಯ ಮಾಡುವವನು. ಮಾಟಗಾರನ ಪಕ್ಕದಲ್ಲೇ.

ನನಗೀಗ ನಲವತ್ತಾರು. ಬುದ್ಧಿ ಬಂದಾಗಿನಿಂದ ಭಾನುವಾರದ ಆರಾಧನೆ ತಪ್ಪಿಸಿದ್ದು ಕಡಿಮೆ. ಐದನೇ ವಚನದ ಮೇಲೆ ಒಂದು ಪ್ರಸಂಗ ಕೇಳಿದ ನೆನಪಿಲ್ಲ. ಪಾದ್ರಿ ಅಯ್ಯನವರನ್ನೇ ದೂರಿ ಪ್ರಯೋಜನವಿಲ್ಲ ಬಿಡಿ. ಸತ್ಯವೇದ ನನ್ನ ಮನೆಯಲ್ಲೂ ಇದೆ, ನನಗೂ ಓದಲು ಬರುತ್ತದೆ.

ಹೋದ ಡಿಸೆಂಬರ್‌ನಲ್ಲಿ ಕ್ರಿಸ್ಮಸ್‌ಗೆಂದು ಹುಬ್ಬಳ್ಳಿಯ ನಮ್ಮ ಮನೆಗೆ ಬಣ್ಣ ಹೊಡೆಸಿದೆವು. ಹಾಲ್, ಎರಡು ರೂಮು, ಹೊರಗಿನ ಗೋಡೆ. ಬಣ್ಣ ನಮ್ಮದು, ಮಜೂರಿ ಹದಿನೆಂಟು ಸಾವಿರ ಅಂತ ಮಾತಾಯಿತು. ಮೇಸ್ತ್ರಿ ಐವತ್ತು ದಾಟಿದವರು, ಜೊತೆಗೆ ಇಬ್ಬರು ಹುಡುಗರು. ನಡುನಡುವೆ ಹನ್ನೆರಡು ಸಾವಿರ ಕೊಟ್ಟಿದ್ದೆ. ಇಪ್ಪತ್ತನೇ ತಾರೀಕು ಕೆಲಸ ಮುಗಿಯಿತು. ಉಳಿದ ಆರು ಸಾವಿರ ನನ್ನ ಹತ್ತಿರ ಇತ್ತು. ಇರಲಿಲ್ಲ ಅಂದರೆ ಸುಳ್ಳಾಗುತ್ತದೆ.

ಆದರೆ ಕರೆಂಟ್ ಮೀಟರಿನ ಬೋರ್ಡ್ ಪಕ್ಕದಲ್ಲಿ ಒಂದು ಗೇಣು ಜಾಗ ಹಾಗೇ ಬಿಟ್ಟುಹೋಗಿತ್ತು. ಅದೇ ನನಗೆ ಸಿಕ್ಕ ನೆಪ. "ಅದೊಂದು ಮುಗಿಸಿಬಿಡ್ರಿ ಮೇಸ್ತ್ರಿ, ಲೆಕ್ಕಾ ಚುಕ್ತಾ ಮಾಡೋಣು" ಅಂದೆ. ಅವರು ಬೇರೆ ಕಡೆ ಕೆಲಸ ಹಿಡಿದಿದ್ದರು. ಮರುದಿನ ಸಂಜೆ ಬಂದರು, ನಾನು ಮಾರ್ಕೆಟ್‌ಗೆ ಹೊರಟಿದ್ದೆ. "ನಾಳೆ ಬರ್ರಿ." ಅದರ ಮರುದಿನ ಫೋನ್ ಮಾಡಿದರು. "ಸರ್ವರ್ ಡೌನ್ ಐತ್ರಿ, ನಾಳೆ ಹಾಕ್ತೀನಿ." ಸರ್ವರ್ ಚೆನ್ನಾಗಿಯೇ ಇತ್ತು. ಅವತ್ತೇ ಮಧ್ಯಾಹ್ನ ಅದೇ ಫೋನಿನಿಂದ ಕೇಕಿಗೆ ದುಡ್ಡು ಹಾಕಿದ್ದೆ.

ತೊಂಬತ್ತರ ದಶಕದಲ್ಲಿ ಊರೂರಿನ ಬಾಗಿಲುಗಳ ಮೇಲೆ ಸುಣ್ಣದಲ್ಲೋ ಇದ್ದಿಲಲ್ಲೋ 'ನಾಳೆ ಬಾ' ಅಂತ ಬರೆದಿರುತ್ತಿದ್ದರು, ನೆನಪಿದೆಯಾ? ರಾತ್ರಿ ಬಂದು ಬಾಗಿಲು ಬಡಿಯುವ ದೆವ್ವ ಅದನ್ನು ಓದಿ ವಾಪಸ್ ಹೋಗುತ್ತದಂತೆ, ಮರುದಿನ ಬಂದರೂ ಅದೇ ಬರಹವಂತೆ. ನಾವು ಕ್ರೈಸ್ತರು ಅದನ್ನು ಬರೆಯಲಿಲ್ಲ, ಮೂಢನಂಬಿಕೆ ಅಂದೆವು. ದುಡಿದವನು ಬಾಗಿಲಿಗೆ ಬಂದಾಗ ಮಾತ್ರ ಬಾಯಲ್ಲೇ ಹೇಳಿ ಕಳಿಸುತ್ತೇವೆ. ಜ್ಞಾನೋಕ್ತಿ ಮೂರನೇ ಅಧ್ಯಾಯದಲ್ಲಿ ಹೆಚ್ಚುಕಡಿಮೆ ಇದೇ ಮಾತಿದೆ: ಕೊಡುವುದು ನಿನ್ನ ಹತ್ತಿರ ಇರುವಾಗ ನೆರೆಯವನಿಗೆ 'ಹೋಗು, ನಾಳೆ ಬಾ, ಕೊಡುತ್ತೇನೆ' ಅನ್ನಬೇಡ.

ಇಪ್ಪತ್ತನಾಲ್ಕರ ರಾತ್ರಿ ಕ್ಯಾರಲ್ ತಂಡ ಬಂತು. ಗಿಟಾರ್, ಸಾಂತಾ ಟೋಪಿ, ಮಕ್ಕಳ ಗಲಾಟೆ. ಗೇಟಿನ ಹತ್ತಿರ ಕತ್ತಲಲ್ಲಿ ಮೇಸ್ತ್ರಿಯೂ ನಿಂತಿದ್ದರು. ಹಾಡು ಮುಗಿಯುವ ತನಕ ಪಕ್ಕಕ್ಕೆ ಸರಿದೇ ಇದ್ದರು. ನಾನು ತಂಡದ ಡಬ್ಬಿಗೆ ಐನೂರರ ನೋಟು ಹಾಕಿದೆ. ಅದನ್ನು ಅವರು ನೋಡಿದರೋ ಇಲ್ಲವೋ. ಎಲ್ಲರೂ ಹೋದ ಮೇಲೆ ಹತ್ತಿರ ಬಂದು, "ಹಬ್ಬದ ದಿನಾನ ಕೇಳಾಕ ಬಂದೀನಿ, ತಪ್ಪ ತಿಳ್ಕೋಬ್ಯಾಡ್ರಿ ಸರ್" ಅಂದರು.

ಬಾಕಿ ಇಟ್ಟುಕೊಂಡವನು ನಾನು. ಕ್ಷಮೆ ಕೇಳುತ್ತಿದ್ದವರು ಅವರು.

"ಹುಡುಗ್ರಿಗೆ ಏನ್ ಮಾಡಿದ್ರಿ?" ಅಂದೆ, ಏನಾದರೂ ಮಾತಾಡಬೇಕಲ್ಲ ಅಂತ. "ಅವರದು ದಿನಾ ಸಂಜೀಕೇ ಕೊಡ್ತೀನ್ರಿ. ಈ ಸಲ ಬಡ್ಡೀಲೆ ತಂದು ಕೊಟ್ಟೆ. ಅವ್ರು ಮನೀಗೆ ಹಿಟ್ಟು ಒಯ್ಯಬೇಕಲ್ರಿ." ನೋಟು ಎಣಿಸಿಕೊಳ್ಳುವಾಗ ಅವರ ಉಗುರಿನ ಸಂದಿಯಲ್ಲಿ ನಮ್ಮ ಹಾಲಿನ ತಿಳಿ ಹಳದಿ ಬಣ್ಣ ಇನ್ನೂ ಇತ್ತು.

ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಎದ್ದು ಧರ್ಮೋಪದೇಶಕಾಂಡ ತೆಗೆದೆ, 24ನೇ ಅಧ್ಯಾಯ. ಹೊತ್ತು ಮುಳುಗುವ ಮುಂಚೆ ಅವನ ಕೂಲಿ ಕೊಟ್ಟುಬಿಡು, ಅವನು ಬಡವ, ಅದರ ಮೇಲೇ ಮನಸ್ಸಿಟ್ಟಿರುತ್ತಾನೆ. ಸ್ವಂತ ಜನವಾದರೂ ಸರಿ, ನಿನ್ನ ಊರಲ್ಲಿರುವ ಪರದೇಶಿಯಾದರೂ ಸರಿ. 'ಮನಸ್ಸಿಟ್ಟಿರುತ್ತಾನೆ' ಅನ್ನುವಲ್ಲಿ ಮೂಲ ಹೀಬ್ರೂದಲ್ಲಿ ಇರುವುದು, ತನ್ನ ಪ್ರಾಣವನ್ನು ಅದರ ಕಡೆಗೆ ಎತ್ತುತ್ತಾನೆ ಅಂತ. 25ನೇ ಕೀರ್ತನೆಯ ಶುರುವಿನಲ್ಲಿ ದಾವೀದ ದೇವರಿಗೆ ಹೇಳುವುದೂ ಇದನ್ನೇ: ನನ್ನ ಪ್ರಾಣವನ್ನು ನಿನ್ನ ಕಡೆಗೆ ಎತ್ತುತ್ತೇನೆ. ನಾವು ಪ್ರಾರ್ಥನೆಯಲ್ಲಿ ದೇವರನ್ನು ಕಾದ ಹಾಗೆ ಒಬ್ಬ ಮನುಷ್ಯ ಗೇಟಿನಲ್ಲಿ ನಿಂತು ತನ್ನ ಆರು ಸಾವಿರವನ್ನು ಕಾಯುತ್ತಿದ್ದ. ನಾನು ಒಳಗೆ ನಕ್ಷತ್ರಕ್ಕೆ ಬಲ್ಬ್ ಹಾಕುತ್ತಿದ್ದೆ.

ಯಾಕೋಬ ವಿಶ್ವಾಸಿಗಳಿಗೆ ಬರೆದ ಪತ್ರದ ಐದನೇ ಅಧ್ಯಾಯ ಇನ್ನೂ ಖಾರ. ಹೊಲ ಕೊಯ್ದವರ ಕೂಲಿಯನ್ನು ಹಿಡಿದಿಟ್ಟುಕೊಂಡಿದ್ದೀರಿ, ಆ ಕೂಲಿಯೇ ಕೂಗುತ್ತಿದೆ ಅನ್ನುತ್ತಾನೆ. ಕೂಗುವುದು ಕೂಲಿಯವನು ಮಾತ್ರ ಅಲ್ಲ, ನಮ್ಮ ಪರ್ಸಿನೊಳಗಿನ ದುಡ್ಡೂ ಕೂಡ.

ಪೂರ್ತಿ ಕೆಲಸ ಆಗುವ ಮುಂಚೆ ಎಲ್ಲಾ ದುಡ್ಡು ಕೊಟ್ಟರೆ ಯಾರು ತಿರುಗಿ ಬರುತ್ತಾರೆ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ, ನಾನೂ ಅನುಭವಿಸಿದ್ದೇನೆ. ಗುತ್ತಿಗೆ ಅಂದಮೇಲೆ ಇಷ್ಟು ಕೊನೆಗೆ ಅಂತ ಮೊದಲೇ ಮಾತಾಡಿಕೊಂಡರೆ ಅದರಲ್ಲಿ ತಪ್ಪೇನಿಲ್ಲ. ಕೆಲಸ ಮುಗಿದ ಮೇಲೆ ಗೋಡೆಯಲ್ಲಿ ತಪ್ಪು ಹುಡುಕುತ್ತಾ ಕೂರುವುದು ಬೇರೆ. ನಾನು ಮಾಡಿದ್ದು ಎರಡನೆಯದು. ಇನ್ನು ದಿನಗೂಲಿಗೆ ಈ ತಕರಾರೇ ಇಲ್ಲ. ದೇಶದ ಕಾನೂನೇ, ಅಂದರೆ 2019ರ ವೇತನ ಸಂಹಿತೆ, ದಿನಗೂಲಿಯವರಿಗೆ ಪಾಳಿ ಮುಗಿದಾಗಲೇ ಕೊಡಬೇಕು ಅನ್ನುತ್ತದೆ. ಬೆವರು ಆರುವ ಮುಂಚೆ ಕೂಲಿ ಕೊಡು ಅನ್ನುವ ಮಾತು ನಮ್ಮ ಮುಸ್ಲಿಂ ನೆರೆಯವರಲ್ಲೂ ಇದೆ. ನಮಗೆ ಗೊತ್ತಿಲ್ಲ ಅಂತಲ್ಲ.

ಮತ್ತಾಯ 20ರಲ್ಲಿ ಯೇಸು ಹೇಳುವ ದ್ರಾಕ್ಷಿ ತೋಟದ ಸಾಮ್ಯವನ್ನು, ಅಂದರೆ ಬೆಳಿಗ್ಗೆ ಬಂದವರಿಗೂ ಸಂಜೆ ಬಂದವರಿಗೂ ಯಜಮಾನ ಒಂದೇ ಕೂಲಿ ಕೊಡುವ ಕಥೆಯನ್ನು, ನಾವು ಯಾವಾಗಲೂ 'ಕೃಪೆ' ಅಂತ ಓದುತ್ತೇವೆ. ಸರಿಯೇ. ಆದರೆ ಒಮ್ಮೆ ಬೆಳಿಗ್ಗೆ ಎಂಟಕ್ಕೆ, ಕೂಲಿಗಾಗಿ ಜನ ನಿಲ್ಲುವ ಯಾವುದಾದರೂ ಸರ್ಕಲ್‌ಗೆ ಹೋಗಿ ನೋಡಿ. ಬುತ್ತಿ ಚೀಲ, ಕರಣೆ, ಬಣ್ಣದ ಬ್ರಷ್. ಹತ್ತು ಗಂಟೆಯಾದರೂ ಕೆಲವರು ಅಲ್ಲೇ ಇರುತ್ತಾರೆ. ಇಡೀ ದಿನ ಸುಮ್ನೆ ಯಾಕೆ ನಿಂತಿದ್ದೀರಿ ಅಂತ ತೋಟದ ಯಜಮಾನ ಕೇಳಿದಾಗ ಬರುವ ಉತ್ತರ ಒಂದೇ: ಯಾರೂ ನಮ್ಮನ್ನು ಕೆಲಸಕ್ಕೆ ಕರೆಯಲಿಲ್ಲ. ಸೋಮಾರಿಗಳು ಅಂತ ಅವನು ಬೈಯುವುದಿಲ್ಲ. ಸಂಜೆ ಪಾರುಪತ್ಯಗಾರನನ್ನು ಕರೆದು, ಕೊನೆಗೆ ಬಂದವರಿಂದಲೇ ಶುರುಮಾಡಿ ಅವತ್ತಿನ ಕೂಲಿ ಅವತ್ತೇ ಕೊಡಿಸುತ್ತಾನೆ. ಎಷ್ಟು ಕೊಟ್ಟ ಅನ್ನುವುದರ ಬಗ್ಗೆ ಆ ಕಥೆಯಲ್ಲಿ ಜಗಳವಿದೆ. ಯಾವಾಗ ಕೊಟ್ಟ ಅನ್ನುವುದರ ಬಗ್ಗೆ ಇಲ್ಲ.

ಇದು ಬರೀ ಮನೆಯ ವಿಷಯವೂ ಅಲ್ಲ. ಹೊಸ ಗೋಪುರಕ್ಕೆ, ಟೈಲ್ಸಿಗೆ, ದೊಡ್ಡ ಸ್ಪೀಕರಿಗೆ ಚಂದಾ ಎತ್ತುವ ಸಭೆಗಳಲ್ಲಿ ಕಸ ಗುಡಿಸುವ ಅಕ್ಕನಿಗೆ ಎರಡು ತಿಂಗಳ ಬಾಕಿ ಇರುವುದನ್ನು ನಾನೇ ಕಂಡಿದ್ದೇನೆ. ಕಮಿಟಿಯಲ್ಲಿ ಕೂತಿದ್ದವನೂ ನಾನೇ, ಬಾಯಿ ಬಿಡಲಿಲ್ಲ. ಯೆರೆಮೀಯ ಪ್ರವಾದಿಯ ಪುಸ್ತಕದ 22ನೇ ಅಧ್ಯಾಯದಲ್ಲಿ ಯೆಹೋಯಾಕೀಮ ಅನ್ನುವ ಅರಸ ಬರುತ್ತಾನೆ. ಭಾರಿ ಅರಮನೆ, ದೊಡ್ಡ ಕಿಟಕಿಗಳು, ದೇವದಾರು ಹಲಗೆ, ಮೇಲೆ ಕೆಂಪು ಬಣ್ಣ. ಕೆಲಸ ಮಾಡಿದವರಿಗೆ ಮಾತ್ರ ಕೂಲಿ ಇಲ್ಲ. ಪ್ರವಾದಿ ಅವನ ಅಪ್ಪ ಯೋಷೀಯನನ್ನು ನೆನಪಿಸುತ್ತಾನೆ: ಅವನೂ ಉಂಡ, ಕುಡಿದ, ಆದರೆ ಬಡವರ ನ್ಯಾಯ ನಡೆಸಿದ. ನನ್ನನ್ನು ತಿಳಿಯುವುದು ಅಂದರೆ ಇದೇ ಅಲ್ಲವೇ ಅನ್ನುತ್ತಾನೆ ದೇವರು. ಆರಾಧನೆಯ ವಿಷಯಕ್ಕೆ ಬಂದರೆ ಯೋಷೀಯನ ಕಾಲದ ಪಸ್ಕ ಹಬ್ಬ ಹೆಸರುವಾಸಿ. ಯೆರೆಮೀಯ ಇಲ್ಲಿ ಅದನ್ನು ಎತ್ತುವುದೇ ಇಲ್ಲ.

ಜನವರಿಯ ಕಮಿಟಿ ಮೀಟಿಂಗ್‌ನಲ್ಲಿ ಆ ಅಕ್ಕನ ಬಾಕಿ ವಿಷಯ ತೆಗೆದೆ. ಸ್ವಲ್ಪ ಗೊಣಗಾಟ ಆಯಿತು, ಕೊಟ್ಟರು.

ಅದೇ ವಾರ ಒಂದು ಸಂಜೆ ಮೇಸ್ತ್ರಿ ಕರೆಯದೇ ಬಂದರು. ಕೈಯಲ್ಲಿ ಸಣ್ಣ ಡಬ್ಬಿ, ಒಂದು ಬ್ರಷ್. ಸೀದಾ ಮೀಟರ್ ಬೋರ್ಡಿನ ಹತ್ತಿರ ಹೋಗಿ ಬಿಟ್ಟುಹೋಗಿದ್ದ ಆ ಗೇಣು ಜಾಗಕ್ಕೆ ಎರಡು ಕೋಟ್ ಹಚ್ಚಿದರು. ನಡುವೆ ಒಣಗಲಿ ಅಂತ ಕಟ್ಟೆಯ ಮೇಲೆ ಕೂತು ಚಹಾ ಕುಡಿದರು. ನಾನು ಪರ್ಸ್ ತೆಗೆದು ಎಷ್ಟು ಕೊಡಲಿ ಅಂದೆ.

"ಅದು ಹಿಂದಿನ ಲೆಕ್ಕದಾಗ ಐತಲ್ರಿ ಸರ್" ಅಂದು ಬ್ರಷ್ ತೊಳೆಯಲು ನಲ್ಲಿ ಕಡೆ ಹೋದರು.