ಬೆಕ್ಕಿಗೊಂದು ಗೇಟ್

ಮನೆಗೆ ಬಂದವರು ಮೊದಲು ಕಾಫಿ ಕುಡಿಯುತ್ತಾರೆ. ಆಮೇಲೆ ಹಜಾರದ ಮೂಲೆಯಲ್ಲಿರುವ ಗಾಜಿನ ತೊಟ್ಟಿ ನೋಡಿ ‘ಅಯ್ಯೋ, ಆಮೆ!’ ಅನ್ನುತ್ತಾರೆ. ಅದರ ಹತ್ತಿರವೇ ಮಲಗಿರುವ ಬೆಕ್ಕು ಕಣ್ಣಿಗೆ ಬಿದ್ದ ಕೂಡಲೇ ಮೊಬೈಲ್ ಹೊರಗೆ ಬರುತ್ತದೆ. ‘ಒಂದು ಆಮೆ ತೆಗೆದು ಬೆಕ್ಕಿನ ಮುಂದೆ ಇಡಿ ಅಂಕಲ್, ಏನು ಮಾಡುತ್ತೆ ನೋಡೋಣ.’

ಏನು ಮಾಡುತ್ತೆ ಅಂತ ನನಗೆ ಗೊತ್ತು. ಅದಕ್ಕೇ ಇಡುವುದಿಲ್ಲ.

ಮೊನ್ನೆ ಬಂದಿದ್ದ ನೆಂಟರ ಹುಡುಗ ಕೇಳುವ ಗೋಜಿಗೂ ಹೋಗಲಿಲ್ಲ. ನಾನು ಬಾಳೆಹಣ್ಣು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಸುಬ್ಬಿ ಎಂಬ ಆಮೆಯನ್ನು ಎತ್ತಿ ನೆಲದ ಮೇಲೆ ಇಟ್ಟಿದ್ದ. ಸುಬ್ಬಿ ತಲೆ, ಕಾಲು, ಬಾಲ ಎಲ್ಲ ಒಳಗೆಳೆದುಕೊಂಡು ಕೂತಿತ್ತು. ನಮ್ಮ ಬೆಕ್ಕು ಬೊಳ್ಳಿ ಮುಂಗಾಲಿನಿಂದ ಚಿಪ್ಪಿನ ಅಂಚನ್ನು ಒಂದು ಸಲ ತಟ್ಟಿತು. ಕಾಲು ಹಿಂದಕ್ಕೆ ತೆಗೆದು, ಒದ್ದೆಯಾದ ಬೆರಳುಗಳನ್ನು ಒದರಿ, ತಲೆ ಓರೆ ಮಾಡಿ ಕಾದಿತು. ಬಾಲದ ತುದಿ ಮಾತ್ರ ಅಲ್ಲಾಡುತ್ತಿತ್ತು. ಹುಡುಗ ಮಂಡಿಯೂರಿ ‘ಸೋ ಕ್ಯೂಟ್’ ಅನ್ನುತ್ತ ಶೂಟ್ ಮಾಡುತ್ತಿದ್ದ. ನಾನು ಗದರಿದ್ದು ಸ್ವಲ್ಪ ಜಾಸ್ತಿಯಾಯಿತು ಅಂತ ಹೆಂಡತಿ ಆಮೇಲೆ ಹೇಳಿದಳು. ಆಗಲಿ ಬಿಡಿ. ಸೋಪು ಹಾಕಿಸಿ ಕೈ ತೊಳೆಸಿಯೇ ಅವನನ್ನು ಕಳಿಸಿದೆ. ಆಮೆಯ ಮೈಮೇಲೆ ಸಾಲ್ಮೊನೆಲ್ಲಾ ಅನ್ನುವ ರೋಗಾಣು ಇರಬಹುದು. ಸಾಮಾನ್ಯವಾಗಿ ಅದರಿಂದ ಆಮೆಗೆ ಏನೂ ಆಗುವುದಿಲ್ಲ, ವಾಂತಿ ಭೇದಿ ನಮಗೆ. ಮಕ್ಕಳು ಪುಟ್ಟ ಆಮೆ ಹಿಡಿದು, ಅದೇ ಕೈ ಬಾಯಿಗಿಟ್ಟು ಕಾಯಿಲೆ ಬೀಳುತ್ತಾರೆ ಅಂತ ಅಮೆರಿಕದಲ್ಲಿ 1975ರಲ್ಲೇ ನಾಲ್ಕು ಇಂಚಿಗಿಂತ ಚಿಕ್ಕ ಆಮೆ ಮಾರಬಾರದೆಂದು ಕಾನೂನು ಮಾಡಿದರು. ನಮ್ಮಲ್ಲಿ ಬರ್ತ್‌ಡೇ ಗಿಫ್ಟ್ ಕೊಡುತ್ತಾರೆ.

ನಮ್ಮವೂ ಹಾಗೆ ಬಂದವೇ. ಬೆಂಗಳೂರಿನಲ್ಲಿರುವ ತಮ್ಮನ ಮಗಳಿಗೆ ಯಾರೋ ಪ್ಲಾಸ್ಟಿಕ್ ಡಬ್ಬಿಯಲ್ಲಿ ಎರಡು ಮರಿ ಕೊಟ್ಟರು. ಫ್ಲ್ಯಾಟಿನಲ್ಲಿ ವಾಸನೆ ಬಂತು. ‘ಒಂದು ವಾರ ನೋಡಿಕೊಳ್ಳಿ ಅಣ್ಣ’ ಅಂತ ತಮ್ಮ ಇಲ್ಲಿ ಕೊಡಗಿನ ಸುಂಟಿಕೊಪ್ಪಕ್ಕೆ ತಂದುಬಿಟ್ಟ. ಆ ವಾರ ಇನ್ನೂ ಮುಗಿದಿಲ್ಲ. ಇಷ್ಟೇ ದೊಡ್ಡದಾಗೋದು ಸಾರ್, ಜಾಸ್ತಿ ಬೆಳೆಯಲ್ಲ ಅಂತ ಮಾರಿದವನು ಹೇಳಿದ್ದನಂತೆ. ಕೆಂಪು ಕಿವಿಯ ಸ್ಲೈಡರ್ ಎಂಬ ಈ ಜಾತಿಯಲ್ಲಿ ಹೆಣ್ಣು 25ರಿಂದ 30 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ಅವನ ಬಾಯಿಗೆ ಏನು ಹೇಳುವುದು. ಮರಿಯಲ್ಲಿ ಗಂಡು ಹೆಣ್ಣು ತಿಳಿಯುವುದಿಲ್ಲ, ಅಂದಾಜಿನ ಮೇಲೆ ಸುಬ್ಬ, ಸುಬ್ಬಿ ಅಂತ ಹೆಸರಿಟ್ಟೆವು. ಈಗ ಸುಬ್ಬಿಯ ಮುಂಗಾಲಿನ ಉಗುರು ಉದ್ದ ಬೆಳೆದು ಅದು ಗಂಡೆಂದು ಸಾಬೀತಾಗಿದೆ. ಸುಬ್ಬ ದಿನೇ ದಿನೇ ಅಗಲವಾಗುತ್ತಿದ್ದಾಳೆ.

ಚಿಪ್ಪು ಇದೆಯಲ್ಲ, ಬೆಕ್ಕು ಏನು ಮಾಡೀತು ಅಂತ ಕೇಳುವವರು ಬಹಳ. ಆ ಚಿಪ್ಪು ಅಂದರೆ ಅದರ ಬೆನ್ನೆಲುಬು, ಪಕ್ಕೆಲುಬು ಒಟ್ಟಿಗೆ ಸೇರಿ ಬೆಳೆದ ಮೂಳೆ. ಮುಟ್ಟಿದರೆ ಅದಕ್ಕೆ ತಿಳಿಯುತ್ತದೆ, ಗೀರಿದರೆ ನೋಯುತ್ತದೆ. ಬೆಕ್ಕಿನ ಹಲ್ಲು ತಾಗಿದ ತೂತು ನಮ್ಮ ಕಣ್ಣಿಗೆ ಕಾಣುವುದೂ ಕಷ್ಟ. ಆದರೆ ಬೆಕ್ಕಿನ ಬಾಯಿಯ ರೋಗಾಣು ಒಳಗೆ ಸೇರಿಕೊಂಡರೆ ಚಿಪ್ಪು ಕೊಳೆಯಲು ಶುರುವಾದ ಮೇಲೆಯೇ ನಮಗೆ ಗೊತ್ತಾಗುವುದು. ಮರಿಯಾದರೆ ಬೆಕ್ಕು ಬಾಯಲ್ಲಿ ಕಚ್ಚಿಕೊಂಡೇ ಹೋದೀತು. ಇಷ್ಟೆಲ್ಲ ಹೇಳಿದರೂ ಕೇಳಿದವರು ಮೊಬೈಲ್ ಒಳಗಿಡುವುದಿಲ್ಲ.

ನಿಜ ಹೇಳಬೇಕೆಂದರೆ ಬೊಳ್ಳಿಯ ಕಣ್ಣಿರುವುದು ಆಮೆಗಳ ತಲೆಯ ಮೇಲೆ ಉರಿಯುವ ದೀಪದ ಮೇಲೆ. ಇದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಕೊಡಗಿನಲ್ಲಿ ಒಂದು ಮಳೆಗಾಲ ಕಳೆದಿರಬೇಕು. ಜೂನ್‌ನಲ್ಲಿ ಒಗೆದ ಬನಿಯನ್ನಿಗೆ ಆಗಸ್ಟ್‌ನಲ್ಲೂ ಒದ್ದೆ ವಾಸನೆ. ಮೊದಲು ಬಚ್ಚಲುಮನೆಯಲ್ಲಿ ಹಂಡೆ ಒಲೆ ಇತ್ತು. ಅದರ ಮೇಲಿನ ಹಗ್ಗದಲ್ಲಿ ನಮ್ಮ ಬಟ್ಟೆ, ಕೆಳಗಿನ ಬೂದಿಯಲ್ಲಿ ಬೆಕ್ಕು. ಬೆಳಗ್ಗೆ ಬೊಳ್ಳಿ ಕರಿಯನಾಗಿ ಎದ್ದು ಬರುತ್ತಿತ್ತು. ಮಗ ಬಂದು ಒಲೆ ಒಡೆಸಿ ಗೀಸರ್ ಹಾಕಿಸಿದ. ಗೀಸರಿನಲ್ಲಿ ಮಲಗಲು ಯಾವ ಬೆಕ್ಕಿಗೂ ಆಗುವುದಿಲ್ಲ. ಆಮೆಗೆ ಮೈ ಕಾಯಿಸಿಕೊಳ್ಳಲು ಕಲ್ಲಿನ ಮೇಲೆ 32 ಡಿಗ್ರಿಯಷ್ಟಾದರೂ ಬಿಸಿ ಬೇಕು. ಬೆಕ್ಕಿಗೆ ಆರಾಮ ಅನ್ನಿಸುವುದು ಶುರುವಾಗುವುದೇ 30 ಡಿಗ್ರಿಯಿಂದ. ಮಳೆಗಾಲದಲ್ಲಿ ಇಡೀ ಮನೆಯಲ್ಲಿ ಅಷ್ಟು ಬಿಸಿಯಿರುವ ಜಾಗ ಆ ಕಲ್ಲೊಂದೇ. ಈ ಮನೆಯಲ್ಲಿ ತೆರಿಗೆ ಕಟ್ಟುವವನು ನಾನು, ನನಗೇ ಅಲ್ಲಿ ಜಾಗ ಸಿಗುವುದಾದರೆ ಹೋಗಿ ಕೂರುತ್ತಿದ್ದೆ.

ಆಮೆಗಳನ್ನು ಬೇರೆ ಕೋಣೆಯಲ್ಲಿಟ್ಟು ಬಾಗಿಲು ಹಾಕಿ ಅಂತ ತಿಳಿದವರು ಹೇಳುತ್ತಾರೆ. ಒಳ್ಳೆಯ ಸಲಹೆ. ಆದರೆ ಹಳೇ ಮನೆಯ ಮರದ ಬಾಗಿಲು ಜೂನ್‌ನಲ್ಲಿ ಉಬ್ಬಿಕೊಂಡರೆ ಅಕ್ಟೋಬರ್‌ವರೆಗೆ ಚೌಕಟ್ಟಿನೊಳಗೆ ಕೂರುವುದಿಲ್ಲ. ತೊಟ್ಟಿಗೆ ಗಾಜಿನ ಮುಚ್ಚಳ ಹಾಕೋಣವೆಂದರೆ ಗಾಜು ದೀಪದ ಯುವಿ ಕಿರಣ ತಡೆಯುತ್ತದೆ, ಆ ಕಿರಣವಿಲ್ಲದೆ ಚಿಪ್ಪು ಮೆತ್ತಗಾಗುತ್ತದೆ. ಹಾಗಾಗಿ ಕಂಬಿ ಮುಚ್ಚಳವೇ ಆಗಬೇಕು, ನಾಲ್ಕು ಕಿಲೋ ಬೆಕ್ಕು ಹಾರಿದರೂ ಬಗ್ಗಬಾರದು. ಪೇಟೆಯ ವೆಲ್ಡರ್ ಹತ್ತಿರ ಹೋದೆ.

ಅವನ ವರ್ಕ್‌ಶಾಪಿನ ಮುಂದೆ ತೋಟದ ಗೇಟುಗಳು ಸಾಲಾಗಿ ಒರಗಿ ನಿಂತಿದ್ದವು. ಗ್ರೈಂಡರ್ ನಿಲ್ಲಿಸಿ, ಕನ್ನಡಕ ಹಣೆಗೇರಿಸಿ ಕೇಳಿದ ಮೊದಲ ಪ್ರಶ್ನೆ: ‘ಒಂಟಿಯಾ, ಹಿಂಡಾ?’

ಬೆಕ್ಕು ಅಂದೆ. ಅವನಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿದ್ದನ್ನು ನಂಬಲಿಲ್ಲ. ‘ಒಂಟಿಯಾದರೆ ಕಷ್ಟ ಸಾರ್’ ಅಂತ ಶುರು ಮಾಡಿದ. ಮುಂದಿನ ಮಾತೆಲ್ಲ ಆನೆಯದೇ. ಸೋಲಾರ್ ಬೇಲಿ ಹಾಕಿದರೆ ಆನೆ ದಂತದಿಂದ ತಂತಿ ಕೀಳುತ್ತದೆ, ದಂತಕ್ಕೆ ಶಾಕ್ ತಾಗುವುದಿಲ್ಲವಲ್ಲ. ದಂತವಿಲ್ಲದ್ದು ಪಕ್ಕದ ಮರ ತಳ್ಳಿ ತಂತಿಯ ಮೇಲೆ ಬೀಳಿಸುತ್ತದೆ. ಕಂದಕ ತೋಡಿದರೆ ಅಂಚಿನ ಮಣ್ಣು ಕಾಲಿನಿಂದ ಕೆಡವಿ ದಾರಿ ಮಾಡಿಕೊಳ್ಳುತ್ತದೆ, ನಮ್ಮ ಮಳೆಗೆ ಅರ್ಧ ಕೆಲಸ ಮೊದಲೇ ಆಗಿರುತ್ತದೆ. ಕೊನೆಗೆ ಹಳೇ ರೈಲು ಕಂಬಿ ಹುಗಿದು ಬೇಲಿ ಹಾಕಿದರು. ಕೊಡಗಿಗೆ ರೈಲು ಬರಲೇ ಇಲ್ಲ, ಕಂಬಿ ಮಾತ್ರ ಬಂತು, ಅದೂ ಆನೆಗೆ ಅಂತ. ಇದನ್ನು ಹೇಳುವಾಗ ಅವನ ಮುಖದಲ್ಲಿ ಸ್ವಲ್ಪ ಬೇಸರವಿತ್ತು. ಆ ಕಂಟ್ರಾಕ್ಟ್ ಅವನಿಗೆ ಸಿಕ್ಕಿರಲಿಲ್ಲವೆಂದು ಕಾಣುತ್ತದೆ.

ನಾನೂ ಸುಮ್ಮನಿರಲಿಲ್ಲ. ಆನೆ ಮಾತು ಬಂದ ಮೇಲೆ ಇಲ್ಲಿ ಯಾರೂ ಸುಮ್ಮನಿರುವುದಿಲ್ಲ. ನಮ್ಮಲ್ಲಿ ಹಲಸು ಬಲಿಯುವ ಮೊದಲೇ ಕಾಯಿ ಕೊಯ್ದು ಕೆಳಗೆ ಹಾಕುತ್ತೇವೆ, ವಾಸನೆ ಹೋದರೆ ಆನೆ ಬರುತ್ತದೆಂದು. ಒಂದು ವರ್ಷ ಮನೆ ಹಿಂದಿನ ಮರದ ತುದಿಯಲ್ಲಿ ಒಂದೇ ಒಂದು ಹಣ್ಣು ಎಲೆ ಮರೆಯಲ್ಲಿ ಉಳಿದುಬಿಟ್ಟಿತ್ತು. ಆನೆ ಅದಕ್ಕೇ ಬಂತು. ಕಾಫಿ ಗಿಡ ಒಂದೂ ಮುರಿಯಲಿಲ್ಲ. ಕೊಟ್ಟಿಗೆ ಪಕ್ಕದ ಗೇಟನ್ನು ಕೊಕ್ಕೆಯಿಂದ ಎತ್ತಿ ಗೋಡೆಗೆ ಒರಗಿಸಿ, ಹಣ್ಣು ತಿಂದು, ಬಂದ ದಾರಿಯಲ್ಲೇ ಹೋಯಿತು. ಬೆಳಗ್ಗೆ ಎದ್ದು ನೋಡಿದರೆ ಯಾರೋ ಮರ್ಯಾದಸ್ಥರು ಬಂದು ಹೋದ ಲಕ್ಷಣ.

ವೆಲ್ಡರ್ ಸಿಟ್ಟಿನಿಂದ ಕೇಳಿದ, ‘ಅದು ನಾನು ಮಾಡಿದ ಗೇಟಾ?’

ಅವನ ತಂದೆ ಮಾಡಿದ್ದು. ಅದನ್ನು ನಾನು ಹೇಳಲಿಲ್ಲ. ಅಳತೆ ಚೀಟಿ ಕೊಟ್ಟು, ಇದು ಬೆಕ್ಕಿಗೆ ಕಣಯ್ಯಾ ಅಂತ ಇನ್ನೊಮ್ಮೆ ಹೇಳಿ ಬಂದೆ.

ಮುಚ್ಚಳ ಪಿಕಪ್‌ನಲ್ಲಿ ಬಂತು. ಇಳಿಸಲು ಇಬ್ಬರು ಬೇಕಾಯಿತು. ಹನ್ನೆರಡು ಎಂಎಂ ಸರಳು, ಸುತ್ತ ಆಂಗಲ್ ಫ್ರೇಮು, ಕೆಂಪು ಪ್ರೈಮರ್, ಬೀಗ ಹಾಕಲು ಎರಡು ಕಿವಿ. ಜಗಲಿಯಲ್ಲಿ ಕಲ್ಲಿನ ಆಸರೆ ಕೊಟ್ಟು ಇಟ್ಟು, ತಾನೇ ಅದರ ಮೇಲೆ ಹತ್ತಿ ನಿಂತು ತೋರಿಸಿದ. ‘ಆನೆ ಕಾಲಿಟ್ಟರೂ ಬಗ್ಗಲ್ಲ ಸಾರ್.’ ಬೊಳ್ಳಿ ಬಂತು. ಫ್ರೇಮನ್ನು ಮೂಸಿತು. ಎರಡು ಸರಳಿನ ನಡುವೆ ತಲೆ ತೂರಿಸಿತು, ಹಿಂದಿನಿಂದ ಭುಜ ಬಂತು, ಉಳಿದದ್ದು ಸಲೀಸಾಗಿ ಇಳಿಯಿತು. ಒಳಗೆ ಕೂತು ಮುಖ ತೊಳೆದುಕೊಳ್ಳತೊಡಗಿತು. ವೆಲ್ಡರ್ ಮೇಲೆ ನಿಂತೇ ಇದ್ದ, ಬೆಕ್ಕು ಅವನ ಕಾಲ ಕೆಳಗೆ.

ಬಹಳ ಹೊತ್ತು ನೋಡಿ ಅವನು ಹೇಳಿದ ಮಾತು: ‘ಇಷ್ಟು ಸಣ್ಣ ಪ್ರಾಣಿ ಅಂತ ನೀವು ಹೇಳಲಿಲ್ಲ.’

ಅವನ ತಪ್ಪು ಅಂತ ನಾನು ಹೇಳುವುದಿಲ್ಲ. ಈ ಜಿಲ್ಲೆಯಲ್ಲಿ ಬೇಲಿಯ ವಿದ್ಯೆಯೆಲ್ಲ ಆನೆಗೆ, ಹಂದಿಗೆ, ಪಕ್ಕದ ತೋಟದವರಿಗೆ ಅಂತಲೇ ಬೆಳೆದಿದೆ. ಅದೇ ಫ್ರೇಮಿಗೆ ಅರ್ಧ ಇಂಚಿನ ಮೆಶ್ ಹೊಡೆದುಕೊಟ್ಟ, ಮೆಶ್ಶಿನ ದುಡ್ಡು ಮಾತ್ರ ತೆಗೆದುಕೊಂಡ. ತೊಟ್ಟಿಯ ಗಾಜಿನ ಮೇಲೆ ಅಷ್ಟು ಭಾರ ಇಡುವಂತಿಲ್ಲವೆಂದು ಅದಕ್ಕೆ ನಾಲ್ಕು ಕಾಲನ್ನೂ ಹಚ್ಚಿದ. ದೀಪವನ್ನು ಮೆಶ್ಶಿನ ಕೆಳಗೆ, ಕಲ್ಲಿನ ನೇರಕ್ಕೆ, ನೀರಿಗೆ ಬೀಳದ ಹಾಗೆ ಸರಪಳಿಯಲ್ಲಿ ಬಿಗಿದಿದ್ದೇವೆ. ದೀಪ ಹೊರಗಿದ್ದರೆ ಬೆಕ್ಕು ಎಂದಾದರೂ ನೀರಿಗೆ ತಳ್ಳುವುದು ಖಂಡಿತ, ಆಮೇಲೆ ಆಮೆಯೂ ಇಲ್ಲ, ಬೆಕ್ಕೂ ಇಲ್ಲ. ಬೆಕ್ಕು ಆ ನೀರು ಕುಡಿಯುವುದೂ ಇದರಿಂದ ನಿಂತಿತು. ನೀರು ಬದಲಿಸುವ ದಿನ ಮುಚ್ಚಳ ಎತ್ತಲು ತೋಟದಿಂದ ಆಳು ಕರೆಯಬೇಕು, ಅದೊಂದು ಉಂಟು.

ಈಗ ಬೊಳ್ಳಿ ಮಲಗುವುದು ಮೆಶ್ಶಿನ ಮೇಲೆಯೇ, ದೀಪದಿಂದ ಸ್ವಲ್ಪ ಆಚೆಗೆ. ಕೆಳಗೆ ಸುಬ್ಬ, ಸುಬ್ಬಿ ಹಿಂಗಾಲು ಚಾಚಿ ಕಲ್ಲಿನ ಮೇಲೆ. ಬಂದವರು ಇದನ್ನು ಸ್ನೇಹ ಅನ್ನುತ್ತಾರೆ. ‘ಎಷ್ಟು ಪ್ರೀತಿ ಅಲ್ವಾ!’ ಮಳೆಗಾಲದಲ್ಲಿ ಬಂದು ನೋಡಿ ಅಂತ ನನ್ನ ಕೋರಿಕೆ. ಎಲ್ಲೋ ಒಂದು ಮರ ಲೈನಿನ ಮೇಲೆ ಬೀಳುತ್ತದೆ, ಕರೆಂಟ್ ಹೋಗುತ್ತದೆ, ದೀಪ ಆರುತ್ತದೆ. ಕಲ್ಲಿನ ಬಿಸಿ ಇಳಿಯುವ ಮೊದಲೇ ಬೊಳ್ಳಿ ಎದ್ದು, ಮೈಮುರಿದು, ಹಿಂದೆ ತಿರುಗಿಯೂ ನೋಡದೆ ನನ್ನ ಹಾಸಿಗೆಗೆ ಹೋಗುತ್ತದೆ. ಆಮೇಲೆ ಎರಡು ದಿನ ಆ ಕಡೆ ಸುಳಿಯುವುದಿಲ್ಲ. ಪ್ರೀತಿಯಲ್ಲಿ ಉಳಿಯುವುದು ಅದರ ಕೂದಲು ಮಾತ್ರ, ಮೆಶ್ಶಿನಿಂದ ಉದುರಿ ನೀರಿಗೆ ಬಿದ್ದು ಫಿಲ್ಟರ್ ಕಟ್ಟಿಸಿರುತ್ತದೆ. ಅದನ್ನು ಬಿಡಿಸಿ ತೊಳೆಯುವ ವಿಡಿಯೋ ಮಾತ್ರ ಯಾರೂ ಕೇಳುವುದಿಲ್ಲ.

ಇಷ್ಟೆಲ್ಲ ಯಾಕೆ, ಹೊಳೆಗೆ ಬಿಟ್ಟುಬಿಡಿ, ಕಾವೇರಿ ಇಲ್ಲೇ ಇದೆಯಲ್ಲ, ಪುಣ್ಯ ಬರುತ್ತೆ ಅಂತ ಹಿರಿಯರೊಬ್ಬರು ಹೇಳಿದರು. ಆಮೆ ಹೊಕ್ಕ ಮನೆ ಉದ್ಧಾರ ಆಗುವುದಿಲ್ಲ ಎಂಬುದು ಅವರ ವಾದ. ಅವರ ಮನೆಯ ಬಾಗಿಲಲ್ಲೇ ವಾಸ್ತುವಿಗೆಂದು ನೀರಿನ ಬಟ್ಟಲಲ್ಲಿ ಹಿತ್ತಾಳೆ ಆಮೆ ಕೂತಿದೆ. ಜೀವವಿಲ್ಲದ ಆಮೆ ಐಶ್ವರ್ಯ ತರುತ್ತದೆ, ಜೀವ ಇರುವುದು ಅನಿಷ್ಟ! ಈ ಸ್ಲೈಡರ್ ಮಿಸಿಸಿಪ್ಪಿ ಕಡೆಯ ಪ್ರಾಣಿ. ಜಗತ್ತಿನಲ್ಲಿ ಅತಿ ಹಾವಳಿ ಮಾಡುವ ನೂರು ಹೊರಗಿನ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಹೊಳೆಗೆ ಬಿಟ್ಟರೆ ಬದುಕಿಕೊಳ್ಳುತ್ತದೆ, ನಮ್ಮೂರಿನ ಆಮೆಗಳ ಮೇವನ್ನೂ ಬಿಸಿಲು ಕಾಯುವ ಕಲ್ಲನ್ನೂ ಕಿತ್ತುಕೊಂಡು ಬದುಕುತ್ತದೆ. ಆ ಪುಣ್ಯ ನನಗೆ ಬೇಡ. ಹಾಗಾದರೆ ಇವನ್ನು ಯಾರಿಗಾದರೂ ಕೊಟ್ಟು ಕೆರೆಯಿಂದ ನಮ್ಮದೇ ಆಮೆ ಹಿಡಿದು ಸಾಕಿ ಅಂದರು ಅದೇ ಹಿರಿಯರು. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದಕ್ಕೆ ಜೈಲು ಉಂಟು ಅಂದೆ. ಕಾಫಿ ಮುಗಿಸಿ ಎದ್ದು ಹೋದರು.

ಒಂದು ಲೆಕ್ಕ ಮಾತ್ರ ನನ್ನನ್ನು ಕಾಡುತ್ತದೆ. ಬೆಕ್ಕು ಹದಿನೈದು ವರ್ಷ ಬದುಕಿದರೆ ದೊಡ್ಡದು. ಚೆನ್ನಾಗಿ ನೋಡಿಕೊಂಡರೆ ಈ ಆಮೆ 30 ವರ್ಷ ಬದುಕುತ್ತದೆ. ನನಗೆ ಅರವತ್ತು ದಾಟಿದೆ. ಮಗನಿಗೆ ಹೇಳಿದರೆ ಅವನ ಹೆಂಡತಿಗೆ ಆಮೆ ಕಂಡರೆ ಆಗುವುದಿಲ್ಲವಂತೆ. ಯಾರ ಬರ್ತ್‌ಡೇಗೆ ಬಂದಿದ್ದವೋ ಆ ಹುಡುಗಿ ಈಗ ಕಾಲೇಜು, ‘ದೊಡ್ಡಪ್ಪ, ಅವು ಇನ್ನೂ ಇವೆಯಾ?’ ಅಂತ ಆಶ್ಚರ್ಯಪಡುತ್ತಾಳೆ. ಕೊನೆಗೆ ತಮ್ಮನಿಗೇ ಫೋನ್ ಮಾಡಿ, ನನ್ನ ನಂತರ ಇವು ಯಾರಿಗೆ ಅಂತ ನೇರವಾಗಿ ಕೇಳಿದೆ.

‘ಮೊದಲು ಜಮ್ಮಾ ಜಾಗದ ಪಾಲು ಇತ್ಯರ್ಥವಾಗಲಿ ಅಣ್ಣ, ಆಮೇಲೆ ಆಮೆ ನೋಡೋಣ’ ಅಂದ.

ತಲೆಮಾರುಗಳಿಂದ ಕುಟುಂಬಕ್ಕೆ ಬಂದ ಆ ಜಾಗದ ಪಹಣಿಯಲ್ಲಿ ಇನ್ನೂ ತೀರಿಹೋದ ಅಜ್ಜನ ಹೆಸರೇ ಇದೆ. ಅದು ಇತ್ಯರ್ಥವಾಗುವುದನ್ನು ನೋಡುವಷ್ಟು ಆಯಸ್ಸು ನನಗೂ ಇಲ್ಲ, ತಮ್ಮನಿಗೂ ಇಲ್ಲ. ಸುಬ್ಬನಿಗೆ ಇರಬಹುದು.