ಎಕ್ಸ್‌ಟೆನ್ಶನ್ ಕಾಗದ

ಸಂಕ್ರಾಂತಿಗೆ ಇಲ್ಲಿ ಬ್ರಿಟನ್‌ನಲ್ಲಿ ನಾವಿರೋ ಕಡೆಯ ಕನ್ನಡದವರೆಲ್ಲ ಒಂದು ಹಾಲ್ ಬಾಡಿಗೆ ಹಿಡಿದು ಸೇರಿದ್ವಿ. ಎಳ್ಳು ಬೀರೋದು, ಮಕ್ಕಳ ಡಾನ್ಸು, ಆಮೇಲೆ ಸಾಲಲ್ಲಿ ನಿಂತು ಪೊಂಗಲ್ಲು. ನಮ್ಮನೆಯವರ ವೀಲ್‌ಚೇರನ್ನ ಒಂದು ಮೂಲೆಗೆ ನಿಲ್ಲಿಸಿ ನಾನು ಎರಡು ತಟ್ಟೆ ಹಿಡ್ಕೊಂಡು ನಿಂತಿದ್ದೆ. ಪರಿಚಯದವರೊಬ್ಬರು ಹತ್ತಿರ ಬಂದು "ಏನ್ರೀ, ಪಿಪ್ ರಿವ್ಯೂ ಮುಗೀತಾ?" ಅಂದರು. ನಮ್ಮನೆಯವರಿಗೆ ಬರೋ ಅಂಗವೈಕಲ್ಯದ ಭತ್ಯೆಯ ಮಾತು. ಇಲ್ಲ, ಮತ್ತೆ ಒಂದು ವರ್ಷ ಎಕ್ಸ್‌ಟೆಂಡ್ ಮಾಡಿದ್ದಾರೆ ಅಂದೆ. "ಅಯ್ಯೋ, ಒಳ್ಳೇದೇ ಆಯ್ತಲ್ಲ! ದುಡ್ಡು ಬರ್ತಿದೆ, ವಿಚಾರಣೆ ಇಲ್ಲ. ಲಾಟರಿ ಹೊಡೀತು ಬಿಡಿ" ಅಂತ ನಗ್ತಾ ಕೊಬ್ಬರಿ ಚೂರು ಬಾಯಿಗೆ ಹಾಕ್ಕೊಂಡು ಮುಂದೆ ಹೋದರು.

ಎಳ್ಳು ಬೆಲ್ಲ ತಿಂದ ಬಾಯಲ್ಲಿ ಒಳ್ಳೇ ಮಾತೇ ಬರಬೇಕು ಅಂತ ಅಲ್ಲಿ ಸುಮ್ಮನಾದೆ. ಮನೆಗೆ ಬಂದ ಮೇಲೆ ಆಗಲಿಲ್ಲ. ಬೆಂಗಳೂರು, ತಿಪಟೂರು, ಹಾಸನದಲ್ಲಿರೋ ಫ್ರೆಂಡ್ಸ್‌ಗೆ ಇದೇನು ಗೋಳು ಅಂತ ಗೊತ್ತಿರಲಿಕ್ಕಿಲ್ಲ, ಅದಕ್ಕೇ ಮೊದಲಿಂದ ಹೇಳ್ತೀನಿ.

ಪಿಪ್ ಅಂದರೆ ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್. ಮೊದಲು ಡಿಎಲ್‌ಎ (ಡಿಸಬಿಲಿಟಿ ಲಿವಿಂಗ್ ಅಲೋಯನ್ಸ್) ಅಂತಿತ್ತು, ದುಡಿಯೋ ವಯಸ್ಸಿನವರಿಗೆ ಅದರ ಬದಲು 2013ರಲ್ಲಿ ಇದನ್ನ ತಂದರು. ಇಂಗ್ಲೆಂಡ್, ವೇಲ್ಸ್‌ನಲ್ಲೇ 36 ಲಕ್ಷಕ್ಕೂ ಹೆಚ್ಚು ಜನ ತಗೋತಾರೆ. ಇದು ನಿರುದ್ಯೋಗ ಭತ್ಯೆ ಅಂತ ನಮ್ಮವರಲ್ಲಿ ಎಷ್ಟೋ ಜನ ತಿಳ್ಕೊಂಡಿದ್ದಾರೆ, ತಪ್ಪು. ಕೆಲಸ ಮಾಡ್ತಾನೂ ತಗೋಬಹುದು, ಮನೆಯಲ್ಲಿ ಎಷ್ಟು ದುಡ್ಡಿದೆ ಅಂತ ಕೇಳಲ್ಲ. ಕಾಯಿಲೆ, ಅಂಗವೈಕಲ್ಯ ಇದ್ದವರ ಬದುಕಿಗೆ ಬೇರೆಯವರಿಗಿಂತ ಜಾಸ್ತಿ ಖರ್ಚಾಗುತ್ತಲ್ಲ, ಆ ಜಾಸ್ತಿಗೆ ಕೊಡೋದು. ವೀಸಾ ಮೇಲೆ ಇರೋರಿಗೆ ಸಾಮಾನ್ಯವಾಗಿ ಸಿಗಲ್ಲ. ನಾವು ಬಂದು ಹತ್ತೊಂಬತ್ತು ವರ್ಷ ಆಯ್ತು. ಅದರಲ್ಲಿ ಮೊದಲ ಹತ್ತು ವರ್ಷ ಇವರು ಸಾಫ್ಟ್‌ವೇರ್‌ನಲ್ಲಿ ದುಡಿದು ತೆರಿಗೆ ಕಟ್ಟಿದ್ದಾರೆ. ಯಾರೂ ಕೇಳಲಿಲ್ಲ, ಆದರೂ ಹೇಳಿಬಿಟ್ಟೆ. ಇಲ್ಲಿ ಬದುಕಿ ಬದುಕಿ ಕೇಳೋಕೆ ಮುಂಚೆನೇ ಸಮಜಾಯಿಷಿ ಕೊಡೋ ಚಾಳಿ ಬಂದುಬಿಟ್ಟಿದೆ.

ಇವರಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್, ಮಿದುಳು, ಬೆನ್ನುಹುರಿಯ ನರಗಳನ್ನ ಕೆಡಿಸೋ ಕಾಯಿಲೆ. ಶುರುವಲ್ಲಿ ಬಂದು ಬಂದು ಹೋಗ್ತಿತ್ತು, ಈಗ ಹೋಗೋದು ನಿಂತಿದೆ. ಇಳಿಜಾರೊಂದೇ.

ಪಿಪ್‌ನಲ್ಲಿ ಕಾಯಿಲೆಯ ಹೆಸರಿಗೆ ದುಡ್ಡಿಲ್ಲ, ಅಂಕಕ್ಕೆ ದುಡ್ಡು. ದಿನನಿತ್ಯದ ಕೆಲಸಗಳು ಹತ್ತು, ಓಡಾಟದ್ದು ಎರಡು. ಅಡುಗೆ ಮಾಡೋದು, ಊಟ ಮಾಡೋದು, ಸ್ನಾನ, ಶೌಚ, ಬಟ್ಟೆ ಹಾಕ್ಕೊಳ್ಳೋದು, ಓದೋದು, ದುಡ್ಡಿನ ಲೆಕ್ಕ ಇಡೋದು, ಹೀಗೆ. ಒಂದೊಂದಕ್ಕೂ ಅಂಕ. ಕಷ್ಟ ಹೆಚ್ಚಿದ್ದಷ್ಟೂ ಅಂಕ ಹೆಚ್ಚು. ದಿನನಿತ್ಯದ್ದು, ಓಡಾಟದ್ದು ಅಂತ ಎರಡು ಭಾಗಕ್ಕೂ ಬೇರೆ ಬೇರೆ ಲೆಕ್ಕ: ಒಟ್ಟು 8 ಬಂದರೆ ಸಾಮಾನ್ಯ ದರ, 12 ಬಂದರೆ ಹೆಚ್ಚಿನ ದರ. ಒಬ್ಬರಿಗಾಗುವಷ್ಟು ಸರಳವಾದ ಅಡುಗೆ ಮಾಡ್ಕೋಬಲ್ಲಿರಾ ಅಂತ ಒಂದು ಪ್ರಶ್ನೆ. ನಮ್ಮನೆಯವರು ಕಾಲು ಗಟ್ಟಿಯಿದ್ದಾಗಲೂ ಕಾಫಿ ಬಿಟ್ಟು ಇನ್ನೇನೂ ಮಾಡಿದವರಲ್ಲ! ಆದರೆ ಅವರು ಕೇಳೋದು ಮಾಡ್ತೀರಾ ಅಂತಲ್ಲ, ಮಾಡೋಕಾಗುತ್ತಾ ಅಂತ. ಒಂದು ಸಲ ಆಗೋದೂ ಸಾಲದು. ಅಪಾಯವಿಲ್ಲದೆ, ಸರಿಯಾಗಿ, ಬೇಕಾದಾಗಲೆಲ್ಲ, ಬೇರೆಯವರು ತಗೊಳ್ಳೋ ಹೊತ್ತಿನ ಎರಡು ಪಟ್ಟು ಮೀರದ ಹಾಗೆ ಆಗಬೇಕು. ಈ ನಿಯಮ ನಿಜಕ್ಕೂ ಚೆನ್ನಾಗಿದೆ. ಊರಲ್ಲಿ ಅಂಗವೈಕಲ್ಯ ಶೇಕಡಾ 40 ಅಂತ ದೇಹಕ್ಕೆ ಅಳತೆ ಹಾಕ್ತಾರೆ. ಇಲ್ಲಿ ಬೆಳಗಿಂದ ಸಂಜೆ ತನಕದ ಪಾಡಿಗೆ ಅಳತೆ ಹಾಕ್ತಾರೆ. ಯೋಚನೆ ಮಾಡಿದವರು ಯಾರೋ ಮನುಷ್ಯರನ್ನ ನೋಡಿದ್ದಾರೆ ಅನ್ಸುತ್ತೆ.

ತೊಂದರೆ ಇರೋದು ಅವಧಿಯಲ್ಲಿ. ಹೆಚ್ಚಿನವರಿಗೆ ಇಷ್ಟು ವರ್ಷ ಅಂತ ಗಡುವು ಹಾಕಿ ಕೊಡ್ತಾರೆ. ಗಡುವು ಮುಗಿಯೋಕೆ ಸುಮಾರು ಒಂದು ವರ್ಷ ಇರೋವಾಗ ರಿವ್ಯೂ ಫಾರಂ ಬರುತ್ತೆ. ತುಂಬಿ ಕಳಿಸೋಕೆ ನಮಗೆ ಒಂದು ತಿಂಗಳು. ಅದನ್ನ ನೋಡಿ ತೀರ್ಮಾನ ಹೇಳೋಕೆ ಅವರಿಗೆ ಎಷ್ಟು? ಅದನ್ನ ಮಾತ್ರ ಎಲ್ಲೂ ಬರೆದಿಲ್ಲ. ಗಡುವಿನೊಳಗೆ ಅವರ ಕೆಲಸ ಮುಗೀದಿದ್ದರೆ ದುಡ್ಡು ನಿಲ್ಲಬಾರದು ಅಂತ ಅವಧಿಯನ್ನ ಮುಂದಕ್ಕೆ ಹಾಕಿ ಒಂದು ಕಾಗದ ಕಳಿಸ್ತಾರೆ. ಅದೇ ಎಕ್ಸ್‌ಟೆನ್ಶನ್. ನಮ್ಮ ಲಾಟರಿ.

ನಮ್ಮ ಫಾರಂ ಬಂದಿದ್ದು 2023ರ ಅಕ್ಟೋಬರ್‌ನಲ್ಲಿ. ಪ್ರತಿ ಕೆಲಸದ ಎದುರಿಗೂ ಮೊದಲಿಗಿಂತ ಸುಲಭ ಆಗಿದೆಯಾ, ಕಷ್ಟ ಆಗಿದೆಯಾ, ಹಾಗೇ ಇದೆಯಾ ಅಂತ ಗುರುತು ಹಾಕಬೇಕು. ಕಷ್ಟ ಆಗಿದ್ದರೆ ಯಾವಾಗಿಂದ ಅಂತಾನೂ ಬರೀಬೇಕು. ಅಂಗಿ ಗುಂಡಿ ಹಾಕ್ಕೊಳ್ಳೋಕೆ ಕೈ ಬರದೆ ಹೋಗಿದ್ದು ಯಾವ ತಿಂಗಳು? ನಾವಿಬ್ಬರೂ ಅಡುಗೆಮನೆ ಮೇಜಿನ ಹತ್ತಿರ ಕೂತು ಹಳೇ ಫೋಟೋ ತೆಗೆದು ಹುಡುಕಿದ್ವಿ. ಯಾವ ಯುಗಾದಿಗೆ ಗುಂಡಿ ಅಂಗಿ ಹಾಕಿದ್ರು, ಯಾವ ಯುಗಾದಿಗೆ ಟೀ ಶರ್ಟು ಅಂತ ನೋಡಿ ತಾರೀಖು ಬರೆದ್ವಿ. ನರರೋಗ ತಜ್ಞರ ಪತ್ರ, ಫಿಸಿಯೋ ಪತ್ರ ಎಲ್ಲ ಲಗತ್ತಿಸಿ ಕಳಿಸಿದ ಮೇಲೆ ಫಾರಂ ತಲುಪಿದೆ ಅಂತ ಮೆಸೇಜು ಬಂತು.

ಆಮೇಲೆ ಹತ್ತು ತಿಂಗಳು ಏನೂ ಇಲ್ಲ.

2024ರ ಆಗಸ್ಟ್‌ನಲ್ಲಿ ಕಂದು ಲಕೋಟೆ ಬಂತು. ಇಲ್ಲಿ ಕಾಯಿಲೆ ಮನೆಗಳಲ್ಲಿ ಕಂದು ಲಕೋಟೆ ಅಂದರೆ ಸಾಕು, ಕೈಕಾಲು ತಣ್ಣಗಾಗುತ್ತೆ. ಬಿಲ್ಲುಗಳ ಬಿಳಿ ಲಕೋಟೆ ನಾಲ್ಕು ದಿನ ಬಾಗಿಲ ಹತ್ರ ಬಿದ್ದಿದ್ದರೂ ಕೇಳೋರಿಲ್ಲ, ಇದನ್ನ ಮಾತ್ರ ಚಪ್ಪಲಿ ಬಿಡೋಕೆ ಮುಂಚೆ ಒಡೀತೀನಿ. ಒಡೆದೆ. ಅವಧಿ 2025ರ ಅಕ್ಟೋಬರ್ ತನಕ ವಿಸ್ತರಿಸಲಾಗಿದೆ. ಸುಳ್ಳು ಯಾಕೆ ಹೇಳಲಿ, ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ. ಉಸಿರು ಬಂತು. ಆ ಕಾಗದ ಬರದೆ ದುಡ್ಡು ನಿಂತಿದ್ದರೆ ಏನಾಗ್ತಿತ್ತು ಅನ್ನೋದು ಗೊತ್ತಿಲ್ಲದ ಮೂರ್ಖಳಲ್ಲ ನಾನು. ವಿಸ್ತರಣೆಯೇ ಬೇಡ ಅಂತ ಹೇಳೋಕೆ ಇದನ್ನ ಬರೀತಿಲ್ಲ.

ಆದರೆ ಪಿಪ್ ಒಂಟಿಯಾಗಿ ಬರಲ್ಲ, ಅದರ ಬಾಲ ಹಿಡ್ಕೊಂಡು ನಾಲ್ಕಾರು ಸೌಲಭ್ಯ ಬರುತ್ತೆ. ಅಂಗವಿಕಲರ ಪಾರ್ಕಿಂಗ್‌ಗೆ ಕೊಡೋ ಬ್ಲೂ ಬ್ಯಾಡ್ಜು ನೋಡಿ. ಹೆಚ್ಚಂದರೆ 3 ವರ್ಷಕ್ಕೆ ಕೊಡ್ತಾರೆ. ಪಿಪ್ ಆಧಾರದ ಮೇಲೆ ಕೊಟ್ಟಿದ್ದರೆ, ಪಿಪ್ ಅವಧಿ ಅದಕ್ಕೂ ಮುಂಚೆ ಮುಗಿಯೋದಾದರೆ ಬ್ಯಾಡ್ಜೂ ಅವತ್ತಿಗೇ ಮುಗಿಯುತ್ತೆ. ನಮ್ಮ ಪಿಪ್ ತಾರೀಖು ಮುಂದೆ ಹೋಯ್ತು, ಬ್ಯಾಡ್ಜಿನ ಮೇಲೆ ಅಚ್ಚು ಹಾಕಿರೋ ತಾರೀಖು ಹೋಗುತ್ತಾ? ಹೊಸದಾಗಿ ಅರ್ಜಿ ಹಾಕಿದೆ. ಓಡಾಟಕ್ಕೆ ಎಷ್ಟು ಅಂಕ ಬಂದಿದೆ ಅನ್ನೋ ಪುಟ ಲಗತ್ತಿಸಿ ಅಂದರು. ಅಂಕದ ಪುಟ ಇರೋದು ಹಳೇ ಕಾಗದದಲ್ಲಿ, ಹೊಸ ತಾರೀಖು ಇರೋದು ಹೊಸ ಕಾಗದದಲ್ಲಿ. ಹಳೇದು ಕಳಿಸಿದರೆ ಅವಧಿ ಮುಗಿದಿದೆ ಅಂತಾರೆ, ಹೊಸದು ಕಳಿಸಿದರೆ ಅಂಕ ಎಲ್ಲಿ ಅಂತಾರೆ. ಎರಡನ್ನೂ ಕಳಿಸಿದರೆ ಒಂದೇ ದಾಖಲೆ ಲಗತ್ತಿಸಿ ಅಂತ ಕಂಪ್ಯೂಟರು! ಕೊನೆಗೆ ಎರಡೂ ಕಾಗದ ಹಿಡ್ಕೊಂಡು ಕಚೇರಿಗೇ ಹೋಗಿ ಕೌಂಟರಿನ ಹುಡುಗಿ ಮುಂದೆ ಇಟ್ಟೆ. ಪಾಪ, ಒಳ್ಳೇ ಹುಡುಗಿ, ಎರಡನ್ನೂ ಅಕ್ಕಪಕ್ಕ ಇಟ್ಟು ತಾನೇ ಸ್ಕ್ಯಾನ್ ಮಾಡ್ಕೊಂಡಳು. ಅಷ್ಟರಲ್ಲಿ ಆರು ವಾರ ಬ್ಯಾಡ್ಜಿಲ್ಲದೆ ಆಸ್ಪತ್ರೆಗೆ ಟ್ಯಾಕ್ಸಿ.

ಕಾರಿಂದು ಇನ್ನೊಂದು ಕಥೆ. ಓಡಾಟದ ಹೆಚ್ಚಿನ ದರ ಸಿಗೋರು ಆ ಹಣವನ್ನ ಮೊಟಬಿಲಿಟಿ ಅನ್ನೋ ಯೋಜನೆಗೆ ಕೊಟ್ಟು ಕಾರು ಲೀಸ್‌ಗೆ ತಗೋಬಹುದು, ಸಾಮಾನ್ಯವಾಗಿ 3 ವರ್ಷಕ್ಕೆ. ಹೊಸ ಕಾರಿಗೆ ಅರ್ಜಿ ಹಾಕೋವಾಗ ಪಿಪ್ ಅವಧಿ ಕನಿಷ್ಠ 12 ತಿಂಗಳು ಬಾಕಿ ಇರಬೇಕು ಅನ್ನೋದು ನಿಯಮ. ಲೀಸ್ ಕೊಡೋರ ಕಡೆಯಿಂದ ನೋಡಿದರೆ ನ್ಯಾಯವೇ. ನಮ್ಮ ಲೀಸ್ ಮುಗಿದಿದ್ದು 2025ರ ಫೆಬ್ರವರಿಯಲ್ಲಿ, ಅವಧಿ ಉಳಿದಿದ್ದು 8 ತಿಂಗಳು. ವೀಲ್‌ಚೇರ್ ಸಲೀಸಾಗಿ ಹಿಡಿಯೋ ದೊಡ್ಡ ಡಿಕ್ಕಿಯ ಕಾರು ಬೇಕಿತ್ತು, ಹಳೇದನ್ನೇ ಕೆಲವು ತಿಂಗಳು ಎಳೆದ್ವಿ. ದಿನಾ ಕುರ್ಚಿಯ ಚಕ್ರ ಬಿಚ್ಚಿ ಇಡೋದು, ಇಳಿದ ಮೇಲೆ ಮತ್ತೆ ಹಾಕೋದು. ನನ್ನ ಸೊಂಟ ಇವತ್ತಿಗೂ ಆ ಲೆಕ್ಕ ಹೇಳುತ್ತೆ. ವರ್ಷ ವರ್ಷಕ್ಕೆ ತುಂಡು ಮಾಡಿ ಕೊಟ್ಟರೆ ಹೀಗೇ: ಕಾಗದ ಕೈಗೆ ಬಂದ ಕೆಲವೇ ತಿಂಗಳಲ್ಲಿ ಬಾಕಿ ಅವಧಿ 12 ತಿಂಗಳಿಗಿಂತ ಕೆಳಗೆ ಇಳಿದಿರುತ್ತೆ.

ನನ್ನ ಕೇರರ್ಸ್ ಅಲೋಯನ್ಸ್ ಕೂಡ ಇದೇ ಮೊಳೆಗೆ ನೇತಾಡ್ತಿದೆ. ವಾರಕ್ಕೆ 35 ಗಂಟೆ ನೋಡ್ಕೊಳ್ಳೋರಿಗೆ 2025-26ರಲ್ಲಿ ವಾರಕ್ಕೆ 83.30 ಪೌಂಡ್ ಕೊಡ್ತಿದ್ದರು. ಗಂಟೆಗೆ ಎಷ್ಟು ಬಿತ್ತು ಅಂತ ನೀವೇ ಭಾಗಿಸಿ ನೋಡಿ. ಇವರ ಪಿಪ್‌ನ ದಿನನಿತ್ಯದ ಭಾಗ ನಿಂತರೆ ನನ್ನದೂ ನಿಲ್ಲುತ್ತೆ. ನಾನು ಶಾಲೆಯ ಅಡುಗೆಮನೆಯಲ್ಲಿ ವಾರಕ್ಕೆ 15 ಗಂಟೆ ಮಾಡ್ತೀನಿ, ಯಾಕೆಂದರೆ ದುಡಿಮೆಗೊಂದು ಮಿತಿ ಇದೆ, 2025-26ರಲ್ಲಿ ವಾರಕ್ಕೆ 196 ಪೌಂಡ್ ಇತ್ತು, ಅದನ್ನ ದಾಟಿ ದುಡಿದರೆ ಅಲೋಯನ್ಸ್ ಪೂರ್ತಿ ಹೋಗುತ್ತೆ. ಹೋದ ವರ್ಷ ಶಾಲೆಯವರು ಪೂರ್ತಿ ದಿನದ ಕೆಲಸ ಇದೆ, ಬರ್ತೀರಾ ಅಂತ ಕೇಳಿದರು. ರಿವ್ಯೂನಲ್ಲಿ ಇವರ ಅಂಕ ಕಡಿಮೆಯಾದರೆ ಆ ಕೆಲಸ ಬೇಕೇ ಬೇಕು. ಹಾಗೇ ಉಳಿದರೆ ಇವರನ್ನ ಹಗಲೆಲ್ಲ ಒಬ್ಬರನ್ನೇ ಬಿಡೋಕಾಗಲ್ಲ. ಯಾವುದು ಅಂತ ಗೊತ್ತಿಲ್ಲದೆ ಏನಂತ ಉತ್ತರ ಕೊಡಲಿ? ಯೋಚನೆ ಮಾಡಿ ಹೇಳ್ತೀನಿ ಅಂದೆ. ಅವರು ಬೇರೆಯವರನ್ನ ತಗೊಂಡರು.

ಇನ್ನು ಕಾಲ ಕಳೆದಂತೆ ಕಾಯಿಲೆ ಕಾಯುತ್ತಾ? ಫಾರಂ ತುಂಬಿದಾಗ ಇವರು ಮೆಟ್ಟಿಲ ಕಂಬಿ ಹಿಡ್ಕೊಂಡು ದಿನಕ್ಕೊಂದು ಸಲ ಮಹಡಿ ಹತ್ತುತ್ತಿದ್ದರು. ಈಗ ಹಾಸಿಗೆ ಕೆಳಗಿನ ಹಾಲ್‌ನಲ್ಲೇ. ಎಲ್ಲೋ ಒಂದು ಸಾಲಿನಲ್ಲಿ ಇವತ್ತಿಗೂ ಆ ಮಹಡಿ ಹತ್ತೋ ಮನುಷ್ಯನೇ ನಿಂತಿದ್ದಾರೆ. ಬದಲಾವಣೆ ಆದರೆ ತಿಳಿಸಿ ಅಂತಾರೆ, ಫೋನ್ ಮಾಡಿದೆ. ಅದೇ ಪಿಟೀಲು ಸಂಗೀತ ಮುಕ್ಕಾಲು ಗಂಟೆ. ಆಮೇಲೆ ಒಬ್ಬ ಹುಡುಗ ಬಂದು, ತುಂಬ ಮರ್ಯಾದೆಯಿಂದ, ಬರೆದುಕೊಂಡಿದ್ದೀನಿ, ಸರದಿ ಬಂದಾಗ ನೋಡ್ತಾರೆ ಅಂದ. ಅವನ ಮೇಲೆ ಕೋಪ ಇಲ್ಲ. ಅವನ ಕೈಯಲ್ಲಿ ಏನಿದೆ?

ಈ ಕಾಯುವಿಕೆಯ ನಡುವೆ ಏನಾಯ್ತು ನೋಡಿ. 2025ರ ಮಾರ್ಚ್‌ನಲ್ಲಿ ಸರ್ಕಾರ ಒಂದು ಪ್ರಸ್ತಾವ ತಂತು. ದಿನನಿತ್ಯದ ಭಾಗ ಸಿಗಬೇಕಾದರೆ ಒಟ್ಟು ಅಂಕ ಸಾಲದು, ಯಾವುದಾದರೂ ಒಂದೇ ಕೆಲಸದಲ್ಲಿ ಕನಿಷ್ಠ 4 ಅಂಕ ಬಂದಿರಬೇಕು ಅಂತ. ಅಲ್ಲಿ ಎರಡು, ಇಲ್ಲಿ ಎರಡು ಅಂತ ಸೇರಿ 8 ಆದವರಿಗೆ ಏನೂ ಇಲ್ಲ. ಜಾರಿ 2026ರ ನವೆಂಬರ್‌ನಿಂದ, ಆಮೇಲಿನ ರಿವ್ಯೂಗಳಿಗೂ ಅನ್ವಯ. ಮೇ ತಿಂಗಳಲ್ಲಿ ನಮಗೆ ಎರಡನೇ ಕಂದು ಲಕೋಟೆ ಬಂತು: ಅವಧಿ 2026ರ ಅಕ್ಟೋಬರ್ ತನಕ. ಅಕ್ಟೋಬರ್, ನವೆಂಬರ್. ಇನ್ನೊಂದು ಸಲ ಮುಂದಕ್ಕೆ ಹಾಕಿದರೆ ನಾವು ಹಳೇ ನಿಯಮದಲ್ಲಿ ಫಾರಂ ಬರೆದು ಹೊಸ ನಿಯಮದಲ್ಲಿ ತೀರ್ಪು ಕೇಳಬೇಕಿತ್ತು. ಸ್ವಂತ ಪಕ್ಷದ ಸಂಸದರೇ ತಿರುಗಿಬಿದ್ದಿದ್ದಕ್ಕೆ ಜುಲೈ 1ಕ್ಕೆ ಸಂಸತ್ತಿನಲ್ಲಿ ಚರ್ಚೆ ನಡೀತಿರುವಾಗಲೇ ಆ ಭಾಗವನ್ನ ಕೈಬಿಟ್ಟರು. ಈಗ ಮಂತ್ರಿ ಸ್ಟೀಫನ್ ಟಿಮ್ಸ್ ನೇತೃತ್ವದಲ್ಲಿ ಇಡೀ ಪಿಪ್ ಅನ್ನೇ ಮರುಪರಿಶೀಲನೆ ಮಾಡ್ತಿದ್ದಾರೆ. ಅದರ ವರದಿ ಬರಬೇಕಾಗಿರೋದೂ 2026ರ ಕೊನೆಯ ಭಾಗಕ್ಕೇ! ತಡ ಮಾಡಿದರೆ ಯಾರಿಗೂ ನಷ್ಟ ಇಲ್ಲ ಅನ್ನೋರು ಇದನ್ನ ಸ್ವಲ್ಪ ಯೋಚಿಸಿ. ಕಾಯ್ತಾ ನಿಂತವರ ಕಾಲಡಿ ನೆಲವೇ ಜರುಗಬಹುದು.

ನಮ್ಮ ಅತ್ತೆ ತಿಪಟೂರಿಂದ ಫೋನ್ ಮಾಡಿದಾಗೆಲ್ಲ "ಏನಮ್ಮಾ, ಅವನ ಸರ್ಟಿಫಿಕೇಟಿಂದು ಬಗೆಹರೀತಾ?" ಅಂತಾರೆ. ಅವರ ತಮ್ಮನಿಗೆ ಚಿಕ್ಕಂದಿನಲ್ಲೇ ಪೋಲಿಯೋ. ಅವರ ಅಂಗವೈಕಲ್ಯ ಪ್ರಮಾಣಪತ್ರದಲ್ಲಿ ಶಾಶ್ವತ ಅಂತ ಒಂದೇ ಪದ ಇದೆ. ಊರಿನ ವ್ಯವಸ್ಥೆಯನ್ನ ಹೊಗಳೋ ಭ್ರಮೆ ನನಗಿಲ್ಲ, ಆ ಪದ ಬರೆಸೋಕೆ ಅವರು ಎಷ್ಟು ಸಲ ತುಮಕೂರಿನ ಬಸ್ ಹತ್ತಿದ್ದಾರೆ ಅಂತ ಗೊತ್ತು. ಆದರೆ ಕಾಲು ಮತ್ತೆ ಬೆಳೆಯಲ್ಲ ಅಂತ ಒಪ್ಪಿಕೊಂಡ ಮೇಲೆ ಮತ್ತೆ ಕೇಳಲಿಲ್ಲ. ಇಲ್ಲೂ ತೀರಾ ಗಂಭೀರ ಇರೋರಿಗೆ 10 ವರ್ಷಕ್ಕೊಮ್ಮೆ ಲಘುವಾಗಿ ನೋಡೋ ಪದ್ಧತಿ ಇದೆ. ನಮಗೆ ಅದು ಸಿಗಲಿಲ್ಲ, ಕಾರಣ ಇಳಿಜಾರಿನಲ್ಲಿ ಇವರು ಇನ್ನೂ ಪೂರ್ತಿ ಕೆಳಗೆ ತಲುಪಿರಲಿಲ್ಲ. 2026ರ ಏಪ್ರಿಲ್‌ನಿಂದ 25 ವರ್ಷ ತುಂಬಿದ ಹೆಚ್ಚಿನವರಿಗೆ ರಿವ್ಯೂ ನಡುವಿನ ಅಂತರ ಕನಿಷ್ಠ 3 ವರ್ಷ, ಮುಂದಿನ ಸಲ 5 ವರ್ಷ ಮಾಡ್ತೀವಿ ಅಂತ ಸರ್ಕಾರ ಹೇಳಿದೆ. ಸಿಬ್ಬಂದಿಯನ್ನ ಬೇರೆ ತಪಾಸಣೆಗಳಿಗೆ ಹಚ್ಚೋಕಂತೆ. ಕಾರಣ ಏನೇ ಇರಲಿ, ನನಗೆ ಖುಷಿ.

ನಾನು ಕೇಳೋದು ದೊಡ್ಡದೇನಲ್ಲ. ಮುಂದಕ್ಕೆ ಹಾಕ್ತೀರಾ, ಕನಿಷ್ಠ ಎರಡು ವರ್ಷ ಹಾಕಿ, ಕಾರಿನ ಹನ್ನೆರಡು ತಿಂಗಳ ಲೆಕ್ಕವಾದರೂ ದಾಟಲಿ. ಆ ಕಾಗದದಲ್ಲೇ ಅಂಕಗಳನ್ನೂ ಅಚ್ಚು ಹಾಕಿ. ಬ್ಯಾಡ್ಜು, ಬಸ್ ಪಾಸು ಕೊಡೋ ಕಚೇರಿಗಳಿಗೆ ನೀವೇ ತಿಳಿಸಿ. ನಿಮ್ಮ ತಡಕ್ಕೆ ನಾವು ಯಾಕೆ ಜೆರಾಕ್ಸ್ ಹಿಡ್ಕೊಂಡು ಓಡಾಡಬೇಕು? ಹಾಗೇ ಗುಣ ಆಗದ ಕಾಯಿಲೆಯವರನ್ನ ಸಾಲಿನಿಂದಲೇ ತೆಗೀರಿ, ಸಾಲು ತಾನೇ ಚಿಕ್ಕದಾಗುತ್ತೆ.

ನಮ್ಮನೆಯವರಿಗೆ ಇದನ್ನೆಲ್ಲ ಓದಿ ಹೇಳಿದೆ. "ಸಂಕ್ರಾಂತಿ ಹಾಲ್‌ನಲ್ಲಿ ಸಿಕ್ಕವರು ಓದ್ತಾರೆ ಕಣೆ, ಬೇಜಾರು ಮಾಡ್ಕೋತಾರೆ" ಅಂದರು. ಮಾಡ್ಕೊಳ್ಳಲಿ ಬಿಡಿ ಅಂದೆ. ಅತ್ತೆ ಕಳಿಸಿರೋ ಹೊಸ ಕ್ಯಾಲೆಂಡರ್ ಇವತ್ತು ಗೋಡೆಗೆ ಹಾಕಿದ್ವಿ. ಅಕ್ಟೋಬರ್ ಪುಟ ತೆಗೆದು, ದಸರಾ ಮುಗಿಯೋ ವಾರದ ಪಕ್ಕ ಪಿಪ್ ಅಂತ ಬರೆಯೋಕೆ ಪೆನ್ನು ತಗೊಂಡೆ.

"ಪೆನ್ಸಿಲ್ ತಗೋ" ಅಂದರು.