ಹಾಳೆ ಕಟ್ಟಿದ ಬಾಲ

ಮಲೆನಾಡಿನಲ್ಲಿ ಉದ್ದ ಬಾಲದ ಹುಂಜ ಸಾಕುವುದೆಂದರೆ ನಟ್ಟಿ ಗದ್ದೆಗೆ ಮದುವೆ ಪಂಚೆ ಉಟ್ಟು ಇಳಿದ ಹಾಗೆ. ಗೊತ್ತಿದ್ದೂ ಸಾಕಿದೆ. ನಮ್ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಹೊಯ್ಯುತ್ತದೆ, ನಮ್ಮಲ್ಲಿ ಅದಕ್ಕಿಂತ ಕಡಿಮೆ, ಆದರೆ ಈ ಲೆಕ್ಕವೆಲ್ಲ ಹುಂಜಕ್ಕೆ ಗೊತ್ತಾಗಬೇಕಲ್ಲ. ಆರಿದ್ರಾ ಮಳೆ ಹಿಡಿದು ಎರಡು ದಿನಕ್ಕೆ ಅದರ ಬಾಲ ಅಂಗಳದ ಕೆಸರು ಗುಡಿಸುವ ಪೊರಕೆ ಆಗಿತ್ತು. ಅಮ್ಮ ಜಗಲಿಯಿಂದಲೇ ನೋಡಿ, "ಎಂತ ಮಾರಾಯ, ಇದು ಕೋಳಿಯಾ, ನೆಲ ಒರೆಸೋ ಬಟ್ಟೆಯಾ?" ಅಂದಳು.

ಕೋಳಿಯೇ. ಜಾತಿ ಅಸೀಲ್. ಅರಬ್ಬಿ ಮಾತು ಅದು, ನಾವು "ಅಸಲಿ" ಅನ್ನುತ್ತೇವಲ್ಲ, ಅದರ ದಾಯಾದಿ. ಒಳ್ಳೆಯ ಹುಂಜ 4-5 ಕೆಜಿ ತೂಗುತ್ತದೆ, ಹೇಂಟೆ 3-4. ಎದೆ ಎತ್ತಿ, ಕತ್ತು ನೆಟ್ಟಗೆ ಮಾಡಿ, ಸಾಲ ಕೊಟ್ಟವನ ಹಾಗೆ ನಿಲ್ಲುತ್ತದೆ. ಇದರಲ್ಲೇ ತಮಿಳುನಾಡಿನ ಕಡೆ ಬೆಳೆಸಿಕೊಂಡು ಬಂದ ಒಂದು ಬಗೆ ಇದೆ, ಮೂತಿ ಗಿಳಿಯದರ ಹಾಗೆ ಗಿಡ್ಡಕ್ಕೆ, ದಪ್ಪಕ್ಕೆ ಬಾಗಿರುತ್ತದೆ, ಬಾಲ ನೆಲಕ್ಕೆ ತಾಗುವಷ್ಟು ಉದ್ದ. ಅವರು ಕಿಳಿಮೂಕ್ಕು ಅಂತಾರೆ, ನಮ್ಮ ಗುಂಪಿನಲ್ಲಿ ಗಿಳಿಮೂತಿ. ದಿಂಡಿಗಲ್ ಸುತ್ತಮುತ್ತ ಇದರ ಹುಚ್ಚಿನವರು ಬಹಳ ಜನ, ಒಣ ಸೀಮೆ, ಬಾಲ ಎಳೆದುಕೊಂಡು ಓಡಾಡಿದರೂ ಹತ್ತುವುದು ಧೂಳು ಮಾತ್ರ. ಕೊಡವಿದರೆ ಹೋಯಿತು.

ಅಸೀಲ್ ಅಂದ ಕೂಡಲೇ ನಮ್ಮ ಕಡೆಯವರು ಕೇಳುವ ಮೊದಲ ಪ್ರಶ್ನೆ "ಕೋಳಿ ಅಂಕಕ್ಕಾ?" ಅಂತ. ಅಲ್ಲ. ಪ್ರಾಣಿ ಹಿಂಸೆ ತಡೆಯೋ 1960ರ ಕಾಯ್ದೆ ಹಕ್ಕಿಗಳನ್ನು ಕಾದಾಡಿಸುವುದನ್ನು ತಪ್ಪು ಅನ್ನುತ್ತದೆ, ಅದಿರಲಿ, ಕಾಯ್ದೆ ಇಲ್ಲದಿದ್ದರೂ ನಾನು ಬಿಡುತ್ತಿರಲಿಲ್ಲ. ಇಷ್ಟು ದಿನ ಸೋಪು ಹಚ್ಚಿ ತೊಳೆದ ಬಾಲ ಅದು. ನಮ್ಮದು ಬರೀ ನೋಡುವ ಚಟ. ಭದ್ರಾವತಿಯ ಒಬ್ಬ ಮೆಕ್ಯಾನಿಕ್ಕು, ಸಾಗರದ ಒಬ್ಬ ಮೇಷ್ಟ್ರು, ಶಿವಮೊಗ್ಗದಲ್ಲಿ ಅಡಿಕೆ ಮಂಡಿ ಲೆಕ್ಕ ಬರೆಯುವ ಒಬ್ಬರು, ನಾನು. ಭಾನುವಾರ ಯಾರದ್ದಾದರೂ ಅಂಗಳದಲ್ಲಿ ಸೇರುತ್ತೇವೆ. ಕಾಫಿ ಬರುತ್ತದೆ, ಆರುತ್ತದೆ. ನಾಲ್ಕು ಜನ ಗಂಡಸರು ಕುಕ್ಕರುಗಾಲಲ್ಲಿ ಕೂತು ಒಂದು ಕೋಳಿಯ ಮುಖವನ್ನೇ ಅರ್ಧ ಗಂಟೆ ನೋಡುವುದನ್ನು ನೋಡಿದ ಪಕ್ಕದ ಮನೆಯವರಿಗೆ ಏನನ್ನಿಸುತ್ತದೋ.

ಈ ಗುಂಪಿನಲ್ಲಿ "ಚೆನ್ನಾಗಿದೆ" ಅನ್ನುವ ಮಾತೇ ಇಲ್ಲ. "ಮೂತಿ ಪರವಾಗಿಲ್ಲ" ಅಂದರೆ ಬಹಳ ಚೆನ್ನಾಗಿದೆ ಅಂತ. "ಇನ್ನೂ ಚಿಕ್ಕದಲ್ವಾ, ನೋಡೋಣ" ಅಂದರೆ ಸಾರಿಗಾಗುತ್ತೆ ಅಂತ. ಜುಟ್ಟು ಎತ್ತರ ಇರಬಾರದು, ಬಟಾಣಿ ಕಾಳು ಒತ್ತಿ ಕೂರಿಸಿದ ಹಾಗೆ ತಲೆಗೆ ಅಂಟಿಕೊಂಡಿರಬೇಕು. ಕಣ್ಣು ಮುತ್ತಿನ ಹಾಗೆ ಬೆಳ್ಳಗಿರಬೇಕು, ಆದರೆ ಅದು ವಯಸ್ಸಾದ ಮೇಲೆ ತಿಳಿಯಾಗುತ್ತಾ ಬರುವಂಥದ್ದು, ಹಾಗಾಗಿ ಎಳೆ ಹುಂಜದ ಕಣ್ಣಿನ ಮೇಲೆ ಜಗಳ ಆಡೋಕೆ ಎಷ್ಟು ಬೇಕಾದರೂ ಜಾಗ ಇದೆ. ಮೇಷ್ಟ್ರು ಮತ್ತು ಮೆಕ್ಯಾನಿಕ್ಕು ಒಂದು ಹುಂಜದ ಎಡಗಣ್ಣಿನ ವಿಷಯಕ್ಕೆ ಎರಡು ತಿಂಗಳು ಮಾತು ಬಿಟ್ಟಿದ್ದರು. ಬಲಗಣ್ಣಿನ ಬಗ್ಗೆ ಇಬ್ಬರಿಗೂ ಒಪ್ಪಿಗೆ ಇತ್ತು.

ಮರಿ ಮಾಡಿಸುವುದು ಅಮ್ಮನ ಇಲಾಖೆ. ಅಸೀಲ್ ಹೇಂಟೆ ಮೊಟ್ಟೆ ಇಡುವುದೇ ಕಡಿಮೆ, ಕಾವಿಗೆ ಕೂತರಂತೂ ಅದೂ ನಿಂತಿತು. ಅದಕ್ಕೆ ಅದರ ಮೊಟ್ಟೆಯನ್ನು ನಮ್ಮ ನಾಟಿ ಕೋಳಿ ಕೆಂಪಿಯ ಅಡಿಗೆ ಇಡುತ್ತೇವೆ. ಹಳೇ ಬುಟ್ಟಿಗೆ ಭತ್ತದ ಹುಲ್ಲು ಹಾಸಿ ಅಮ್ಮ ಕೂರಿಸುತ್ತಾಳೆ, 21 ದಿನ ಕೆಂಪಿ ಯಾರ ಮೊಟ್ಟೆ, ಯಾವ ಜಾತಿ ಅಂತ ಕೇಳದೆ ಕೂರುತ್ತಾಳೆ. ಮೂರು ತಿಂಗಳಿಗೆ ಮಕ್ಕಳು ಅವ್ವನಿಗಿಂತ ಎತ್ತರ ನಿಂತು ಬಗ್ಗಿ ನೋಡುವಾಗ ಅವಳ ಮುಖ ನೋಡಬೇಕು. ಮೊದಲ ವಾರದಲ್ಲಿ ಕೊಕ್ಕರೆ ರೋಗದ ಲಸಿಕೆ ಕಣ್ಣಿಗೆ ಬಿಡುವುದಷ್ಟೇ ನನ್ನ ಕೆಲಸ, ಅದನ್ನು ತಪ್ಪಿಸಿದ ಒಂದು ವರ್ಷ ಗೂಡು ಪೂರ್ತಿ ಖಾಲಿಯಾಗಿತ್ತು, ಆ ಕಥೆ ಬೇಡ. ಹನ್ನೆರಡು ಮರಿ ಎದ್ದರೆ ಮೂತಿ ಸರಿ ಬಾಗಿದ್ದು ಒಂದೋ ಎರಡೋ, ಅದೂ ತಿಂಗಳುಗಟ್ಟಲೆ ಕಾದ ಮೇಲೆ ಗೊತ್ತಾಗುವುದು. ಉಳಿದವು? ಕಡುಬಿಗೆ ಸಾರು ಬೇಕಲ್ವಾ.

ಆದರೆ ಮೂತಿ ಹುಟ್ಟಿನಿಂದ ಬಂತು, ಬಾಲ ಹಾಗಲ್ಲ. ಬಾಲ ಸಾಕಬೇಕು. ಗರಿ ಅಂದರೆ ಬಹುಪಾಲು ಪ್ರೋಟೀನು, ನಮ್ಮ ಉಗುರು ಕೂದಲಿನ ಬಳಗದ್ದೇ. ಬರೀ ನುಚ್ಚು ಹಾಕಿದರೆ ಬರುವಂಥದ್ದಲ್ಲ. ಕಡಲೆಕಾಯಿ ಹಿಂಡಿ ಹಾಕುತ್ತೇನೆ, ಬೇಲಿ ಬುಡದ ಗೆದ್ದಲು ಕೆರೆದು ತರುತ್ತೇನೆ. ಹೊಸ ಗರಿ ಬೆಳೆಯುವಾಗ ಅದರ ಕಡ್ಡಿಯೊಳಗೆ ರಕ್ತ ಇರುತ್ತದೆ, ಆಗ ಮುರಿದರೆ ಸೋರುತ್ತದೆ. ಬಲಿತ ಮೇಲೆ ಅದು ಸತ್ತ ಕಡ್ಡಿ. ನಡುವೆ ಮುರಿದರೆ ಮುರಿದದ್ದೇ, ವರ್ಷಕ್ಕೊಮ್ಮೆ ಗರಿ ಉದುರುವ ಕಾಲ ಬರುವ ತನಕ ಮೊಂಡು ಬಾಲ.

ಉದುರುವ ವಿಷಯದಲ್ಲಿ ಕಾಡುಕೋಳಿ ನಮಗಿಂತ ಬುದ್ಧಿವಂತ. ನಮ್ಮ ಕಾಡಿನ ಬೂದು ಬಣ್ಣದ ಹುಂಜ ನೋಡಿದ್ದೀರಲ್ಲ, ಬೆಳಗ್ಗೆ ತೋಟದ ಅಂಚಲ್ಲಿ ಕೂಗಿ ಮಾಯವಾಗುತ್ತದೆ. ಕತ್ತಿನ ಗರಿಯ ತುದಿಯಲ್ಲಿ ಹಳದಿ ಮೇಣದ ಹನಿ ಬಿದ್ದ ಹಾಗಿರುತ್ತದೆ. ಆ ಗರಿಗಾಗಿ ಇಂಗ್ಲೆಂಡಿನ ಮೀನು ಹಿಡಿಯುವವರು ಬಾಯಿ ಬಿಡುತ್ತಿದ್ದರಂತೆ, ಗಾಳಕ್ಕೆ ನೊಣದ ಹಾಗೆ ಕಟ್ಟೋಕೆ. ಹೆಣ್ಣಿನ ಮುಂದೆ ಮೆರೆಯುವ ಕಾಲ ಮುಗಿಯಿತೋ, ಅದು ಆ ಕತ್ತಿನ ಒಡವೆಯನ್ನೆಲ್ಲ ಉದುರಿಸಿ ಮಂಕಾಗಿ ಓಡಾಡಿಕೊಂಡಿರುತ್ತದೆ. ನಾವು ಉಲ್ಟಾ. ಜಪಾನಿನ ಕೋಚಿ ಕಡೆ ಓನಗದೋರಿ ಅಂತ ಒಂದು ತಳಿ ಇದೆ, ಬಾಲದ ಗರಿ ವರ್ಷ ವರ್ಷ ಉದುರದೆ ಮೀಟರುಗಟ್ಟಲೆ ಬೆಳೆಯುತ್ತಲೇ ಹೋಗುವ ಹಾಗೆ ಬೆಳೆಸಿದ್ದಾರೆ. ಎತ್ತರದ ಪೆಟ್ಟಿಗೆಯಲ್ಲಿ ಕೋಲಿನ ಮೇಲೆ ಕೂರಿಸಿ ಇಡುತ್ತಾರೆ. 1952ರಲ್ಲಿ ಅಲ್ಲಿನ ಸರ್ಕಾರ ಆ ಕೋಳಿಯನ್ನು ವಿಶೇಷ ನೈಸರ್ಗಿಕ ಸ್ಮಾರಕ ಅಂತ ಘೋಷಿಸಿತು. ಇದನ್ನು ಅಮ್ಮನಿಗೆ ಹೇಳಿದೆ. "ಅದಕ್ಕೆ ಕೆದಕೋಕೆ ಬಿಡ್ತಾರಾ?" ಅಂತ ಕೇಳಿದಳು. ಆಮೇಲೆ ಜಪಾನಿನ ಮಾತು ಎತ್ತಲಿಲ್ಲ.

ಹೋದ ವರ್ಷ ಮೊದಲ ಸಲ ಹುಂಜವನ್ನು ಪ್ರದರ್ಶನಕ್ಕೆ ಒಯ್ದದ್ದು. ತಮಿಳುನಾಡಿನ ತನಕ ಬಾಲ ಮಡಚದೆ ಹೇಗೆ ಒಯ್ಯುವುದು? ರಟ್ಟಿನ ಪೆಟ್ಟಿಗೆ ಸಾಲಲಿಲ್ಲ, ಪೇಪರು ಸುತ್ತಿದರೆ ಹಿಕ್ಕೆಗೆ ನೆನೆಯಿತು. ಕೊನೆಗೆ ತೋಟದಲ್ಲಿ ಬಿದ್ದ ಅಡಿಕೆ ಹಾಳೆಯನ್ನು ನೀರಲ್ಲಿ ನೆನೆಸಿ, ಕೊಳವೆ ಹಾಗೆ ಸುತ್ತಿ, ಬಾಲಕ್ಕೆ ತೊಡಿಸಿ ಬಾಳೆ ನಾರಲ್ಲಿ ಸಡಿಲ ಕಟ್ಟಿದೆ. ಅಡಿಕೆ ಕೊನೆ ತೆಗೆಯೋರು ತಲೆಗೆ ಹಾಕುವ ಹಾಳೆ ಟೊಪ್ಪಿ, ಇದಕ್ಕೆ ಹಿಂದೆ. ಶಿವಮೊಗ್ಗ ಬಸ್ಸಿನಲ್ಲಿ ಒಬ್ಬ ಅಜ್ಜ ಬಹಳ ಹೊತ್ತು ನೋಡಿ "ಪೆಟ್ಟಾಗಿದೆಯನಾ, ಪಾಪ" ಅಂದರು. ಹೂಂ ಅಂದೆ. ಅಲ್ಲಿ ಬಹುಮಾನ ಬರಲಿಲ್ಲ. ಆದರೆ ಹಾಳೆ ಬಿಚ್ಚಿದಾಗ ಒಂದು ಗರಿಯೂ ಕೊಂಕಿರಲಿಲ್ಲ, ತೀರ್ಪುಗಾರರೊಬ್ಬರು ಮುಂದೆ ಹೋದವರು ವಾಪಸು ಬಂದು ಇನ್ನೊಮ್ಮೆ ನೋಡಿದರು. ವರ್ಷವಿಡೀ ನಾನು ಬದುಕಿದ್ದು ಆ ಇನ್ನೊಮ್ಮೆಯ ಮೇಲೆ.

ಈ ವರ್ಷ ಮಳೆಗಾಲದಲ್ಲಿ ಹಳೇ ಬಾಲ ಉದುರಿತು. ನಡುವಿನ ಎರಡು ಉದ್ದ ಗರಿ, ಕುಡುಗೋಲಿನ ಹಾಗೆ ಬಾಗಿದ್ದು, ತೊಳೆದು ಒಣಗಿಸಿ ಬೀರುವಿನ ಮೇಲೆ ಕೊಳವೆಯಲ್ಲಿ ಇಟ್ಟೆ. ದೀಪಾವಳಿ ಹೊತ್ತಿಗೆ ಹೊಸದು ಬಂತು, ಹಳೆಯದಕ್ಕಿಂತ ಚೆನ್ನಾಗಿ. ಪ್ರದರ್ಶನಕ್ಕೆ ಆರು ವಾರ ಇತ್ತು. ಒಂದು ಸಂಜೆ ಕಬ್ಬೆಕ್ಕು ಬಂತು ಅಂತ ಗಡಿಬಿಡಿಯಲ್ಲಿ ಗೂಡಿನ ಬಾಗಿಲು ಎಳೆದೆ. ಹುಂಜ ಒಳಗಿತ್ತು, ಬಾಲ ಇರಲಿಲ್ಲ. ಟಪ್ ಅಂತ ಒಂದು ಸದ್ದು.

ಮೂರು ಫೋನು ಮಾಡಿದೆ. ಮೇಷ್ಟ್ರು, "ಬುಡ ಸಮೇತ ಕಿತ್ತುಬಿಡಿ, ಹೊಸದು ಬರುತ್ತೆ" ಅಂದರು. ಬರುತ್ತೆ, ಆದರೆ ಅಷ್ಟು ಉದ್ದದ್ದಕ್ಕೆ ಎರಡು ತಿಂಗಳ ಮೇಲೆ ಬೇಕು. ಮಂಡಿಯವರು ನಿಟ್ಟುಸಿರು ಬಿಟ್ಟರು ಅಷ್ಟೆ. ಮೆಕ್ಯಾನಿಕ್ಕು ಧ್ವನಿ ತಗ್ಗಿಸಿ, "ಅಣ್ಣಾ, ಹಳೇ ಗರಿ ಇದೆಯಲ್ಲ, ಬಿದಿರು ಸೀಳು ತೂರಿಸಿ ಗಮ್ ಹಾಕು. ಡೇಗೆ ಸಾಕೋರು ಇದನ್ನೇ ಮಾಡೋದು" ಅಂದ. ಸುಳ್ಳಲ್ಲ, ಬೇಟೆ ಡೇಗೆಗೆ ಮುರಿದ ಗರಿ ಕಸಿ ಮಾಡುವುದು ಬಹಳ ಹಳೇ ವಿದ್ಯೆ. ಆದರೆ ಡೇಗೆ ಹಾರಬೇಕು, ನನ್ನದು ಸುಮ್ನೆ ನಿಂತು ತೋರಿಸಬೇಕು. ತೋರಿಸುವ ಕಡೆ ಅಂಟಿಸಿದರೆ ಮೋಸ. ಮೋಸವಾ? ಇದರದ್ದೇ ಗರಿ, ಇದರದ್ದೇ ಬಾಲ, ಹೋದ ವರ್ಷದ್ದು ಈ ವರ್ಷಕ್ಕೆ. ನಮ್ಮ ಮೇಷ್ಟ್ರೇ ತಮ್ಮದೇ ಹಲ್ಲಿನ ಜಾಗಕ್ಕೆ ಪರರ ಹಲ್ಲು ಕಟ್ಟಿಸಿಕೊಂಡು ನಗುತ್ತಾರಲ್ಲ. ರಾತ್ರಿಯೆಲ್ಲ ಹೀಗೇ ವಾದ ಮಾಡಿಕೊಂಡೆ, ಬೆಳಗಿನ ಜಾವಕ್ಕೆ ನಾನೇ ಗೆದ್ದಿದ್ದೆ. ಎದ್ದವನೇ ಬಿದಿರು ಸೀಳಿ ಸೂಜಿಯಷ್ಟು ಸಣ್ಣ ಮಾಡಿ, ಗಮ್ಮಿನ ಟ್ಯೂಬು ಜೇಬಿಗೆ ಹಾಕಿ, ಬೀರುವಿನ ಮೇಲೆ ಕೈ ಆಡಿಸಿದೆ.

ಕೊಳವೆ ಇತ್ತು. ಗರಿ ಇರಲಿಲ್ಲ.

ಅಪ್ಪಯ್ಯ ಜಗಲಿಯ ಬಿಸಿಲಲ್ಲಿ ಕಂಬಕ್ಕೆ ಒರಗಿ ಕೂತಿದ್ದರು. ಕಣ್ಣು ಅರ್ಧ ಮುಚ್ಚಿತ್ತು, ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು, ಕಿವಿಯೊಳಗೆ ನನ್ನ ಗರಿ ಮೆಲ್ಲಗೆ ತಿರುಗುತ್ತಿತ್ತು. ಹಿಡಿಯೋಕೆ ಅನುಕೂಲ ಆಗಲಿ ಅಂತ ಗೇಣುದ್ದಕ್ಕೆ ಕತ್ತರಿಸಿ, ಬುಡದ ಎಳೆಗಳನ್ನೆಲ್ಲ ನೀಟಾಗಿ ಕಿತ್ತಿದ್ದರು. ಇನ್ನೊಂದು ಗರಿ, ಅದೇ ಅಳತೆಗೆ ಕತ್ತರಿಸಿದ್ದು, ಎಲೆಯಡಿಕೆ ತಟ್ಟೆಯಲ್ಲಿತ್ತು.

"ಒಳ್ಳೆ ಜಾತಿ ಕೋಳಿ ಮಾರಾಯ" ಅಂದರು, ಕಣ್ಣು ತೆರೆಯದೆ. "ನಾಟಿದು ಒಳಗೆ ಹೋಗಿ ಮುರೀತದೆ. ಇದು ಬಾಗ್ತದೆ."